ಕಾರಿನೊಳಗೆ ನೀರು ನೋಡುವವರು

ಮಲೆನಾಡಿನಲ್ಲಿ ನೀರು ನೋಡುವವರು ಎರಡು ಥರ. ಮೊದಲನೆಯವರು ಬೇಸಿಗೆಯವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ, ಕವಲುಕಡ್ಡಿ ಹಿಡಿದೋ ತೋಟ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಜಾಗದಲ್ಲಿ ಬೋರು ಹೊಡೆಸಿ ಅನ್ನುತ್ತಾರೆ. ನೀರು ಬಿದ್ದರೆ ಅವರ ಕೈಗುಣ, ಬೀಳದಿದ್ದರೆ ನಮ್ಮ ಹಣೆಬರಹ. ಎರಡನೆಯವರು ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ ಹಿಡಿದ ಮೇಲೆ ಕಾಣಿಸಿಕೊಳ್ಳುತ್ತಾರೆ. ಅವರು ನೋಡುವುದು ಕಾರಿನೊಳಗಿನ ನೀರು. ಅಲ್ಲಿ ನೀರು ಸಿಕ್ಕೀತೋ ಇಲ್ಲವೋ ಎಂಬ ಅನುಮಾನವೇ ಇಲ್ಲ, ಕಾಲಿಟ್ಟರೆ ಪಚಕ್ ಅನ್ನುತ್ತದೆ. ಅದು ಎಲ್ಲಿಂದ ಬಂತು ಎಂದು ಪತ್ತೆ ಮಾಡುವುದೇ ಇವರ ವ್ರತ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ಈಚೆಗಿರುವ ತೀರ್ಥಹಳ್ಳಿಯಲ್ಲಿ ಅಷ್ಟಿಲ್ಲ. ಆದರೂ ಒಂದು ಕಾರಿನ ಮರ್ಯಾದೆ ಕಳೆಯಲು ಧಾರಾಳವಾಗಿ ಸಾಕು. ಹಾಗಾಗಿ ಈ ಕಡೆ ಯಾವ ಬೀದಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಒಂದು ಬೀದಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು, ಇನ್ನೊಂದರಲ್ಲಿ ಮಿಲಿಟರಿಯಿಂದ ಬಂದವರು. ನಮ್ಮ ಬೀದಿಯವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರು. ಮೇಷ್ಟ್ರಾದರೆ ಒಂದು ಅನುಕೂಲ: ಊರಲ್ಲಿ ಕಾರಿರುವವರಲ್ಲಿ ಅರ್ಧ ಜನ ಹಳೇ ವಿದ್ಯಾರ್ಥಿಗಳು. "ಬಾನೆಟ್ ಎತ್ತು" ಎಂದರೆ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಅವರ ಬಟ್ಟೆ ಚೀಲದಲ್ಲಿ ಟಾರ್ಚು, ಹಳೇ ಟೂತ್‌ಬ್ರಶ್ಶು, ಟಾಲ್ಕಂ ಪೌಡರಿನ ಡಬ್ಬಿ, ಒಂದಿಷ್ಟು ಹಿಡಿಕಡ್ಡಿ ಮತ್ತು ಕಳೆ ಹೊಡೆಯುವ ಮಷಿನ್ನಿನ ನೈಲಾನ್ ದಾರದ ಸುರುಳಿ ಇರುತ್ತದೆ. ಕೊಡೆ ಅಂಗಿಯ ಕಾಲರಿಗೆ ಹಿಂದಿನಿಂದ ನೇತುಬಿದ್ದಿರುತ್ತದೆ. ಮಳೆ ಜೋರಾಗಿ ತುಂಗೆ ಏರಿದಾಗ ಊರವರೆಲ್ಲ ರಾಮಮಂಟಪ ಮುಳುಗಿತೋ ಇಲ್ಲವೋ ಎಂದು ನೋಡಲು ಹೊಳೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಮೇಷ್ಟ್ರು ಹೊಳೆಗೆ ಬೆನ್ನು ಹಾಕಿ, ಅಲ್ಲಿ ಸಾಲಾಗಿ ನಿಲ್ಲಿಸಿದ ಕಾರುಗಳನ್ನು ನೋಡುತ್ತಾರೆ. ಗಾಜು ಒಳಗಿನಿಂದ ಮಂಜು ಹಿಡಿದಿರುವ ಕಾರು ಕಂಡರೆ ಹತ್ತಿರ ಹೋಗಿ, ಅದರ ಒಡೆಯ ಬರುವವರೆಗೆ ಕಾಯುತ್ತಾರೆ.

"ಎಂತ ಮಾರಾಯ, ಒಳಗೆ ನೀರು ನಿಂತಿದೆಯಲ್ಲ?"

ಕಾರು ಸೋರುತ್ತದೆಂದು ಮೊದಲ ಮಾತಿಗೇ ಒಪ್ಪಿಕೊಂಡವರನ್ನು ನಾನಿನ್ನೂ ಕಂಡಿಲ್ಲ. ಮಗ ಬಾಟ್ಲಿ ನೀರು ಚೆಲ್ಲಿದ ಅನ್ನುತ್ತಾರೆ. ಒದ್ದೆ ಕೊಡೆ ಇಟ್ಟಿದ್ದೆವು ಅನ್ನುತ್ತಾರೆ. ಆದರೆ ಕಾಲಡಿಯಲ್ಲಿ ಎರಡು ವಾರದ ದಿನಪತ್ರಿಕೆ ಹಾಸಿರುತ್ತದೆ, ಡ್ಯಾಶ್‌ಬೋರ್ಡಿನ ಮೇಲೆ ಬಟ್ಟಲಲ್ಲಿ ಕಾಫಿಪುಡಿ ಇರುತ್ತದೆ, ದೇವರ ಮುಂದೆ ಹಚ್ಚಬೇಕಾದ ಕರ್ಪೂರ ಸೀಟಿನಡಿ ಸೇರಿರುತ್ತದೆ. ಇಷ್ಟಾದರೂ ಬೂಸಲಿನ ವಾಸನೆ ಹೋಗಿರುವುದಿಲ್ಲ. ಮೇಷ್ಟ್ರು ಏನೂ ವಾದಿಸದೆ ಬಾಗಿ, ಹೆಬ್ಬೆರಳಿನಿಂದ ಕಾರ್ಪೆಟ್ ಒತ್ತುತ್ತಾರೆ. ಬೆರಳಿನ ಸುತ್ತ ನೀರು ಎದ್ದು ಬರುತ್ತದೆ. ಅಲ್ಲಿಗೆ ಆ ಕಾರು ಅವರದು.

ಅವರ ವಿಚಾರಣೆಗೆ ಒಂದು ಕ್ರಮವಿದೆ, ಕ್ರಮ ತಪ್ಪಿಸಲು ಬಿಡುವುದಿಲ್ಲ. ಬಿಸಿಲಿನ ದಿನ ಎ.ಸಿ. ಹಾಕಿದಾಗಲೂ ನೀರು ಬರುತ್ತದೆಯೇ? ಬಂದರೆ ಅದು ಮಳೆಯ ತಪ್ಪಲ್ಲ, ಎ.ಸಿ.ಯಲ್ಲಿ ಹನಿಗಟ್ಟಿದ ನೀರು ಹೊರಗೆ ಹೋಗುವ ಸಣ್ಣ ಪೈಪು ಕಟ್ಟಿಕೊಂಡು ಒಳಕ್ಕೆ ತಿರುಗಿದೆ. ಮುಟ್ಟಿದರೆ ಅಂಟಂಟಾಗಿ, ಮೂಗಿಗೆ ಸಿಹಿ ವಾಸನೆ ಹೊಡೆದರೆ ಅದು ನೀರೇ ಅಲ್ಲ, ಹೀಟರಿನ ಕಡೆಯಿಂದ ಸೋರುತ್ತಿರುವ ಕೂಲಂಟು. ಒಮ್ಮೆ ಒಬ್ಬ ಶಿಷ್ಯ ಅತಿ ಉತ್ಸಾಹದಿಂದ ಬೆರಳು ನಾಲಿಗೆಗೆ ತಾಗಿಸಲು ಹೋದಾಗ ಮೇಷ್ಟ್ರು ಹೊಡೆದದ್ದು ಕೈಗೆ. "ಅದು ವಿಷ! ಪ್ರಯೋಗಶಾಲೆಯಲ್ಲಿ ಏನನ್ನೂ ನೆಕ್ಕಬೇಡಿ ಅಂತ ಎಂಟನೇ ಕ್ಲಾಸಿನಲ್ಲೇ ಹೇಳಿರಲಿಲ್ವಾ?" ಶಿಷ್ಯನಿಗೆ ಆಗಲೇ ಮೊಮ್ಮಕ್ಕಳಿದ್ದರು.

ಈ ಎರಡೂ ಅಲ್ಲವೆಂದು ಖಾತ್ರಿಯಾದರೆ ಮೇಷ್ಟ್ರ ಮುಖ ಅರಳುತ್ತದೆ. ಹಾಗಾದರೆ ಮಳೆನೀರೇ. ಈಗ ಪಾಠ ಶುರು. ಹಂಚಿನ ಮನೆಯಲ್ಲಿ ಹುಟ್ಟಿದವರಿಗೆ ಈ ಪಾಠ ಬೇಗ ಹತ್ತುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಂದಿನಿಂದ ಮಲೆನಾಡಿಗರು ಹಂಚಿನ ಮಾಡಿನ ಸೋರಿಕೆ ಹುಡುಕುತ್ತಲೇ ಇದ್ದಾರೆ. ಒಡೆದ ಹಂಚು ಇರುವುದು ಮೇಲೆಲ್ಲೋ. ನೀರು ರೀಪಿಗೆ ಇಳಿದು, ರೀಪಿನಿಂದ ಪಕಾಸಿಗೆ ಬಂದು, ಪಕಾಸಿನ ಅಡಿಗೆ ಅಂಟಿಕೊಂಡೇ ಜಾರಿ ಕೊನೆಗೆ ಅಜ್ಜನ ಹಾಸಿಗೆ ಮೇಲೆ ಬೀಳುತ್ತದೆ. ಅಜ್ಜನ ತಲೆಯ ನೇರಕ್ಕೆ ಮೇಲೆ ನೋಡಿದರೆ ಹಂಚು ಗಟ್ಟಿಯಾಗೇ ಇರುತ್ತದೆ. ಕಾರಿನಲ್ಲೂ ಅಷ್ಟೇ ಎನ್ನುತ್ತಾರೆ ಮೇಷ್ಟ್ರು. ಹಿಂದಿನ ದೀಪದ ರಬ್ಬರು ಸಡಿಲವಾದರೆ ನೀರು ಕಾಣುವುದು ಡಿಕ್ಕಿಯ ತಳದಲ್ಲಿ, ಸ್ಟೆಪ್ನಿಯ ಗುಂಡಿಯಲ್ಲಿ. ಮಾಡಿನ ಮೇಲಿನ ಆಂಟೆನಾದ ಬುಡ ಬಿರಿದರೆ ಒದ್ದೆಯಾಗುವುದು ಎಲ್ಲೋ ಹಿಂದಿನ ಕಂಬದ ಬಟ್ಟೆ. ಇದನ್ನು ತೋರಿಸಲು ಒಡೆಯರ ಮನೆಯ ಲೋಟವನ್ನೇ ತರಿಸಿ, ಚಹಾ ನಿಧಾನಕ್ಕೆ ಬಗ್ಗಿಸುತ್ತಾರೆ. ಚಹಾ ಲೋಟದ ಮೈಗೆ ಅಂಟಿಕೊಂಡು ಹಿಂದಕ್ಕೆ ಹರಿದು ಅವರದೇ ಪಂಚೆ ಮೇಲೆ ಬೀಳುತ್ತದೆ. "ನೋಡಿದ್ರಾ?" ಎನ್ನುವಾಗ ಅವರಿಗೆ ಪಂಚೆಯ ಪರಿವೆ ಇರುವುದಿಲ್ಲ.

ಹೇಳುವುದರಲ್ಲಿ ಮುಕ್ಕಾಲು ಪಾಲು ಸರಿ. ಕಷ್ಟವಿರುವುದೇ ಅಲ್ಲಿ. ಪೂರ್ತಿ ತಪ್ಪು ಹೇಳುವವರಾಗಿದ್ದರೆ ಊರವರು ಯಾವತ್ತೋ ತಪ್ಪಿಸಿಕೊಂಡಿರುತ್ತಿದ್ದರು.

ಅವರ ದೊಡ್ಡ ಕಾರ್ಯಕ್ರಮ ಪೈಪಿನ ಪರೀಕ್ಷೆ. ಅದಕ್ಕೆ ಮಳೆ ಹೊಳವಾಗಬೇಕು. ಇಡೀ ಊರು ಕೈಮುಗಿದು ಬೇಡಿಕೊಂಡು, ಪುನರ್ವಸುವಿನ ನಡುವೆ ಎಲ್ಲೋ ಅರ್ಧ ದಿನ ಆಕಾಶ ತೆರೆದುಕೊಳ್ಳುತ್ತದೆ. ಎಲ್ಲರ ಮನೆಯಲ್ಲೂ ಬಟ್ಟೆ ಅಂಗಳಕ್ಕೆ ಬರುತ್ತದೆ. ಅದೇ ಹೊತ್ತಿಗೆ ಮೇಷ್ಟ್ರು ಯಾರದೋ ಕಾರಿನ ಮೇಲೆ ನೀರು ಬಿಡುತ್ತಿರುತ್ತಾರೆ. ಮೊನ್ನೆ ಸಿಕ್ಕಿದವರು ಸೊಸೈಟಿಯ ಸೆಕ್ರೆಟರಿ. ನಿಯಮದ ಪ್ರಕಾರ ಒಡೆಯ ಟಾರ್ಚು ಹಿಡಿದು ಒಳಗೆ ಕೂರಬೇಕು, ಗಾಜೆಲ್ಲ ಏರಿಸಬೇಕು. ಹೊರಗೆ ಮೇಷ್ಟ್ರು ತೋಟದ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ಬರುತ್ತಾರೆ: ಮೊದಲು ಬಾಗಿಲಿನ ಬುಡ, ಆಮೇಲೆ ಗಾಜಿನ ಅಂಚು, ಕೊನೆಗೆ ಮಾಡು. ಮಾಡಿನಿಂದಲೇ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ತೊಯ್ದು ಯಾವ ದಾರಿಯೆಂದು ತಿಳಿಯುವುದಿಲ್ಲ. ಇದೂ ಸರಿಯೇ.

"ಬಂತಾ?"

"ಇಲ್ಲ ಸಾರ್."

"ಸರಿಯಾಗಿ ನೋಡು."

"ಉಸಿರು ಕಟ್ಟುತ್ತೆ ಸಾರ್."

"ಉಸಿರಲ್ಲ ಮಾರಾಯ, ನೀರು ಕೇಳಿದ್ದು."

ನೀರಿನ ದಾರಿ ಗೆರೆಯಾಗಿ ಕಾಣಲೆಂದು ಒಳಗಿನ ಅಂಚುಗಳಿಗೆಲ್ಲ ಪೌಡರ್ ಹಚ್ಚಿಸಿದ್ದರು. ಸೆಕ್ರೆಟರಿ ಬೆವರಿ, ಆ ಪೌಡರೆಲ್ಲ ಅವರಿಗೇ ಮೆತ್ತಿಕೊಂಡಿತ್ತು. ಗಾಜಿನಾಚೆಯಿಂದ ನೋಡಿದರೆ ಯಕ್ಷಗಾನಕ್ಕೆ ಅರ್ಧ ಬಣ್ಣ ಹಚ್ಚಿ ಕೂರಿಸಿದ ಹಾಗೆ. ಬೀದಿಯ ಮಕ್ಕಳು ಶಾಲೆಗೆ ಹೋಗುವುದು ಬಿಟ್ಟು ನಿಂತಿದ್ದವು. ಎದುರು ಮನೆಯವರು ಗೇಟಿನಿಂದಲೇ "ಎಂ-ಸೀಲ್ ಹಚ್ಚಿಬಿಡಿ ಮೇಷ್ಟ್ರೇ" ಎಂದರು. ಮೇಷ್ಟ್ರು ತಿರುಗಿಯೂ ನೋಡದೆ "ಎಲ್ಲಿಗೆ?" ಎಂದರು. ಎದುರು ಮನೆಯವರು ಒಳಗೆ ಹೋದರು.

ಕೊನೆಗೆ ಸಿಕ್ಕಿದ್ದು ವೈಪರಿನ ಬುಡದಲ್ಲಿ. ಮುಂದಿನ ಗಾಜಿನ ಕೆಳಗೆ, ಬಾನೆಟ್ಟಿನ ಹಿಂದೆ ಒಂದು ಪ್ಲಾಸ್ಟಿಕ್ ಜಾಲರಿ ಇರುತ್ತದೆಯಲ್ಲ, ಅದರಡಿ ನೀರು ಹರಿದು ಎರಡೂ ಬದಿಯ ಕಿಂಡಿಯಿಂದ ನೆಲಕ್ಕೆ ಬೀಳಬೇಕು. ಸೆಕ್ರೆಟರಿಯ ಕಾರು ನಿಲ್ಲುವುದು ಗುಲ್‌ಮೊಹರ್ ಮರದಡಿ. ಅದರ ಚೂರೆಲೆಗೆ ಯಾವ ಜಾಲರಿಯೂ ಅಡ್ಡಿಯಲ್ಲ. ಕಿಂಡಿ ಕಟ್ಟಿಕೊಂಡು, ನೀರು ಅಲ್ಲೇ ಮೇಲೇರಿ, ಬ್ಲೋವರಿಗೆ ಗಾಳಿ ಹೋಗುವ ಬಾಯಿಂದ ಒಳಕ್ಕೆ ಇಳಿದಿದೆ. ಇಳಿಯುವುದು ಹೆಚ್ಚಾಗಿ ಎಡಗಡೆ, ಪಕ್ಕದಲ್ಲಿ ಕೂತವರ ಕಾಲಿಗೆ. ಆದ್ದರಿಂದ ಕಾರು ಸೋರುವುದು ಮೊದಲು ಗೊತ್ತಾಗುವುದು ಹೆಂಡತಿಗೆ. ಬಲಗಡೆ ಒಣಗಿದ ಕಾಲಲ್ಲಿ ಕೂತ ಗಂಡ ತಿಂಗಳುಗಟ್ಟಲೆ ಒಪ್ಪುವುದಿಲ್ಲ.

"ನಾನು ಮೃಗಶಿರದಲ್ಲೇ ಹೇಳಿದ್ದೆ, ವೈಪರ್ ಹತ್ರ ಎಲೆ ತುಂಬಿದೆ ತೆಗೀರಿ ಅಂತ" ಎಂದು ಸೆಕ್ರೆಟರಿಯ ಮನೆಯವರು ಜಗಲಿಯಿಂದ ಹೇಳಿದರು.

"ನೀನು ಹೇಳಿದ್ದು ಊಹೆ ಕಣಮ್ಮ" ಎಂದರು ಮೇಷ್ಟ್ರು. "ಇದು ಸಾಬೀತು."

ಎರಡು ಹಿಡಿ ಕೊಳೆತ ಎಲೆ ತೆಗೆದದ್ದೇ ಕೆಲಸ ಮುಗಿಯಿತು. ಆಗ ಮೇಷ್ಟ್ರ ಮುಖ ನೋಡಬೇಕಿತ್ತು. ಅಷ್ಟು ಸುಲಭದ ಉತ್ತರ ಅವರಿಗೆ ಸೇರುವುದಿಲ್ಲ. ಬಾಗಿಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ಕಿವಿ ಕೊಟ್ಟರು. ಹಿಂದಿನ ಬಾಗಿಲೊಂದರಲ್ಲಿ ಗಳಗಳ ಸದ್ದು ಬಂತು, ಮುಖಕ್ಕೆ ಬಣ್ಣ ತಿರುಗಿ ಬಂತು. ಬಾಗಿಲೊಳಗೆ ನೀರು ಹೋಗುವುದು ಅಪರಾಧವಲ್ಲ, ಗಾಜಿನ ಸಂದಿಯಿಂದ ಹೋಗಿಯೇ ಹೋಗುತ್ತದೆ. ಅದಕ್ಕೆಂದೇ ತಳದಲ್ಲಿ ತೂತುಗಳಿವೆ, ಒಳಮೈಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ತೂತಿಗೆ ಕೆಸರು ಮೆತ್ತಿದರೆ ಬಾಗಿಲು ಕೊಡಪಾನ. ಸ್ಪೀಕರ್ ಹಾಕಿಸುವಾಗ ಯಾರೋ ಆ ಹಾಳೆ ಹರಿದು ಹಾಗೇ ಬಿಟ್ಟಿದ್ದರೆ ನೀರು ನೇರ ಕಾರ್ಪೆಟ್ಟಿಗೆ. ಕೇಳಿದರೆ ಸೆಕ್ರೆಟರಿ ಸ್ಪೀಕರ್ ಹಾಕಿಸಿದ್ದು ಹೌದು. ಹಿಡಿಕಡ್ಡಿ ಹೊರಗೆ ಬಂತು. ಸೆಕ್ರೆಟರಿ ಆ ದಿನ ಸೊಸೈಟಿಗೆ ಹೋಗಲಿಲ್ಲ.

ಊರಿನ ಗ್ಯಾರೇಜಿನವನೂ ಮೇಷ್ಟ್ರ ಶಿಷ್ಯನೇ, ವಿಜ್ಞಾನದಲ್ಲಿ ಗೋತಾ ಹೊಡೆದವನು. ಅವನ ಸಿದ್ಧಾಂತ ಬೇರೆ. ಬರುವ ನೀರನ್ನು ತಡೆಯಲು ದೇವರಿಂದಲೂ ಆಗದು, ಹೋಗಲು ದಾರಿ ಮಾಡಿದರೆ ಸಾಕು ಎಂದು ಕಾರಿನ ತಳದ ರಬ್ಬರ್ ಮುಚ್ಚಳ ಕಿತ್ತು ಕಳಿಸಿಬಿಡುತ್ತಾನೆ. ನಿಂತ ಕಾರಿಗೆ ಇದು ಭೇಷಾದ ಉಪಾಯ. ಓಡುವ ಕಾರಿಗೆ ಹೊಂಡದ ಕೆಂಪು ನೀರು ಕೆಳಗಿನಿಂದ ಚಿಲುಮೆಯಾಗಿ ಏಳುತ್ತದೆ. ಇದು ಸೋಲೊಪ್ಪಿಕೊಂಡವರ ವಿಜ್ಞಾನ ಎಂದು ಮೇಷ್ಟ್ರು ಕಟುವಾಗಿ ಹೇಳುತ್ತಾರೆ. ಆದರೆ ಗ್ಯಾರೇಜಿನವನು ಹತ್ತು ನಿಮಿಷದಲ್ಲಿ ಬಿಡುತ್ತಾನೆ, ಹೀಗಾಗಿ ಅವನ ಅನುಯಾಯಿಗಳೂ ಕಡಿಮೆಯೇನಿಲ್ಲ.

ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಹುಡುಗರ ಸನ್‌ರೂಫ್ ಕಾರು ಮೇಷ್ಟ್ರ ಪಾಲಿನ ಹಬ್ಬ. ಹಂಚಿನ ಮನೆಗೆ ಬೆಳಕಿಗೆಂದು ಒಂದು ಗಾಜಿನ ಹಂಚು ಹಾಕುತ್ತಿದ್ದರು, ಮೊದಲು ಸೋರುತ್ತಿದ್ದದ್ದೂ ಅದೇ. ಈಗ ದುಡ್ಡು ಜಾಸ್ತಿ ಕೊಟ್ಟು ಕಾರಿಗೆ ಗಾಜಿನ ಹಂಚು ಹಾಕಿಸಿಕೊಂಡು ಮಲೆನಾಡಿಗೆ ಬರುವುದೆಂದರೆ ಅವರಿಗೆ ನಗು ತಡೆಯುವುದಿಲ್ಲ.

"ಅಂಕಲ್, ಅದು ಫುಲ್ ಸೀಲ್ ಆಗಿರುತ್ತೆ" ಎಂದ ಒಬ್ಬ ಹುಡುಗ.

"ಇಲ್ಲ ಮಗಾ. ಸ್ವಲ್ಪ ಸೋರುತ್ತೆ ಅಂತ ಗೊತ್ತಿದ್ದೇ ಮಾಡಿರೋದು."

ಹುಡುಗನ ಮುಖ ಇಳಿಯಿತು. ಆದರೆ ನಿಜ ಅದೇ. ಗಾಜಿನ ರಬ್ಬರ್ ದಾಟಿ ಬಂದ ನೀರು ಹಿಡಿಯಲು ಸುತ್ತ ಒಂದು ದೋಣಿ ಇರುತ್ತದೆ. ಸಾಮಾನ್ಯವಾಗಿ ಅದರ ಮೂಲೆಗಳಿಂದ ಸಣ್ಣ ಪೈಪುಗಳು ಕಂಬಗಳೊಳಗೆ ಇಳಿದು ಕಾರಿನಡಿ ನೀರು ಬಿಡುತ್ತವೆ. ಧೂಳು, ಎಲೆಯ ಪುಡಿ ಕಟ್ಟಿದರೆ ದೋಣಿ ತುಂಬಿ, ಕನ್ನಡಿಯ ಹತ್ತಿರ ಮಾಡಿನ ಬಟ್ಟೆಯಿಂದ ತೊಟ್ಟಿಕ್ಕುತ್ತದೆ. ಜೋರಾಗಿ ಗಾಳಿ ಊದಿದರೆ ಪೈಪು ಒಳಗೇ ಕಳಚಿಕೊಂಡೀತು. ಆದ್ದರಿಂದ ಕಳೆ ಮಷಿನ್ನಿನ ದಾರವನ್ನು ನಯವಾಗಿ ತಳ್ಳಬೇಕು. ದಾರ ಇಳಿಸುತ್ತಾ ಮೇಷ್ಟ್ರು ಹುಡುಗನಿಗೆ ಚರಿತ್ರೆಯನ್ನೂ ಹೇಳಿದರು: ಅಮೆರಿಕದ ಮೇರಿ ಆಂಡರ್ಸನ್ ಎಂಬ ಹೆಣ್ಣುಮಗಳು 1903ರಲ್ಲೇ ವೈಪರಿಗೆ ಪೇಟೆಂಟ್ ಪಡೆದಳು, ಗಾಜಿನ ಹೊರಗಿನ ನೀರಿನ ಚಿಂತೆ ಅಲ್ಲಿಗೆ ತೀರಿತು, ಒಳಗಿನದ್ದನ್ನು ಒರೆಸಲು ಇವತ್ತಿಗೂ ಹಳೇ ಪಂಚೆಯೇ.

ಪತ್ತೆಯಾದ ಮೇಲೆ ಮೇಷ್ಟ್ರಿಗೆ ಆ ಕಾರಿನ ಮೇಲೆ ಆಸಕ್ತಿ ಉಳಿಯುವುದಿಲ್ಲ. ಒಣಗಿಸುವುದು ಮನೆಯವರ ತಲೆನೋವು. ಕಾರ್ಪೆಟ್ಟಿನಡಿಯ ಸ್ಪಂಜು ಕುಡಿದ ನೀರು ಮೇಲೆ ಒರೆಸಿದರೆ ಹೋಗುವುದಿಲ್ಲ. ಸೀಟು ಬಿಚ್ಚಬೇಕು, ಸೀಟಿನಡಿ ಏರ್‌ಬ್ಯಾಗಿನ ವೈರುಗಳಿರುತ್ತವೆ, ತಿಳಿದವರೇ ಕೈ ಹಾಕಬೇಕು. ಬಿಚ್ಚಿ ತೆಗೆದದ್ದನ್ನು ಪುಷ್ಯ ಮಳೆಯಲ್ಲಿ ಎಲ್ಲಿ ಒಣಗಿಸುವುದು? ಬಚ್ಚಲೊಲೆಯ ಮೇಲೆ ಕಟ್ಟುತ್ತಾರೆ. ಒಣಗುತ್ತದೆ, ಆದರೆ ದೀಪಾವಳಿಯವರೆಗೂ ಆ ಕಾರಿನಿಂದ ಇಳಿದವರ ಮೈಯೆಲ್ಲ ಹೊಗೆ ವಾಸನೆ. ಮದುವೆ ಮನೆಯಲ್ಲಿ ಇವರನ್ನು ಅಡುಗೆಯವರೆಂದು ತಿಳಿದು ಹಿಂದಿನ ಬಾಗಿಲಿಗೆ ಕಳಿಸಿದ್ದೂ ಉಂಟು.

ಹಾಗಾದರೆ ಮೇಷ್ಟ್ರ ಕಾರು? ಇದೆ, ಚೆನ್ನಾಗಿಯೂ ಇದೆ. ಆರಿದ್ರಾ ಹಿಡಿಯುವ ಮೊದಲೇ ಕೊಟ್ಟಿಗೆಗೆ ಸೇರಿಸಿ, ಟಾರ್ಪಾಲು ಹೊದಿಸಿ, ಹಸ್ತಾ ಮಳೆ ಮುಗಿಯುವವರೆಗೆ ಬಸ್ಸಿನಲ್ಲಿ ತಿರುಗುತ್ತಾರೆ.

ಈಚೆಗೆ ಅವರ ಖ್ಯಾತಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೂ ಮುಟ್ಟಿದೆ. ಶಿವಮೊಗ್ಗದಿಂದ, ಕೊಪ್ಪದಿಂದ ಕರೆಯಲು ಬರುತ್ತಾರೆ. ಮೇಷ್ಟ್ರು ಇಂಜಿನ್ನು ನೋಡುವುದಿಲ್ಲ, ಮೈಲೇಜು ಕೇಳುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡುತ್ತಾರೆ. ಬೆಲ್ಟಿನ ಕೊನೆ ತೊಳೆಯಲು ಮಾರುವವರಿಗೆ ನೆನಪಿರುವುದಿಲ್ಲ. ಸೀಟಿನ ಬೋಲ್ಟುಗಳ ತುಕ್ಕು ನೋಡುತ್ತಾರೆ, ಸ್ಟೆಪ್ನಿ ಎತ್ತಿಸಿ ಗುಂಡಿಗೆ ಟಾರ್ಚು ಬಿಡುತ್ತಾರೆ. ಆಮೇಲೆ ಗಾಜೆಲ್ಲ ಏರಿಸಿ, ಒಳಗೆ ಒಬ್ಬರೇ ಕಣ್ಣು ಮುಚ್ಚಿ ಕೂತು ದೀರ್ಘವಾಗಿ ಉಸಿರೆಳೆಯುತ್ತಾರೆ. ಹೊರಗೆ ಮಾರುವವರು ಫಲಿತಾಂಶದ ದಿನದ ಹುಡುಗರಂತಾಗಿರುತ್ತಾರೆ. ಮಾರುವವರೂ ಎಷ್ಟೋ ಸಲ ಅವರ ಹಳೇ ವಿದ್ಯಾರ್ಥಿಗಳೇ, ದಾಕ್ಷಿಣ್ಯಕ್ಕಾದರೂ ಸುಮ್ಮನಿರಬಹುದಿತ್ತು. ಆದರೆ ಬಾಗಿಲು ತೆರೆದು ಇಳಿಯುವಾಗಲೇ "ಒಳ್ಳೆ ಕಾರು. ಬಲಗಡೆ ಹಿಂದಿನಿಂದ ಸೋರುತ್ತೆ" ಎಂದುಬಿಡುತ್ತಾರೆ, ಹತ್ತು ಸಾವಿರ ಅಲ್ಲೇ ಇಳಿಯುತ್ತದೆ.

ನಮ್ಮ ಊರಿನ ಕಾರು ಬ್ರೋಕರ್ ಈಗ ಕ್ಯಾಲೆಂಡರ್ ನೋಡದೆ ವ್ಯಾಪಾರ ಕುದುರಿಸುವುದಿಲ್ಲ. ಕಾರು ಮಾರಬೇಕೆಂದು ಯಾರು ಹೋದರೂ ಮೊದಲು ಹೇಳುವುದು ಒಂದೇ: "ಬರೋ ಬುಧವಾರ ತೋರ್ಸೋಣ. ಅವತ್ತು ಮೇಷ್ಟ್ರು ಮಗಳ ಮನೆಗೆ ಹೋಗ್ತಾರೆ, ವಾಪಸ್ ಬರೋದು ಕೊನೇ ಬಸ್ಸಿಗೆ."