ಒಳ್ಳೆಯ ಮಾತಿನ ಹಬ್ಬ

ವರ್ಷದ ಹಬ್ಬಗಳನ್ನು ಒಂದೊಂದಾಗಿ ಪರಿಶೀಲಿಸಿ ನೋಡಿದರೆ, ಯುಗಾದಿಯು ಬೇವನ್ನು ಅಗಿಯೆಂದು ವಿಧಿಸುತ್ತದೆ, ಶಿವರಾತ್ರಿಯು ನಿದ್ರೆಗೆಡೆನ್ನುತ್ತದೆ, ಗೌರೀಗಣೇಶರು ಕೈಯಲ್ಲಿರುವ ಹಣವನ್ನೆಲ್ಲ ಬಾಗಿನಕ್ಕೂ ಕಡುಬಿಗೂ ಸುರಿಸಿಕೊಂಡು ಸುಮ್ಮನಾಗುತ್ತಾರೆ. ಆದರೆ ಮನುಷ್ಯನ ನಾಲಗೆಗೇ ನೇರವಾಗಿ ಕೈಯಿಕ್ಕಿ, ಎಳ್ಳು ತಿಂದು ಒಳ್ಳೆಯ ಮಾತನಾಡೆಂದು ಆಜ್ಞಾಪಿಸುವ ಧೈರ್ಯವನ್ನು ತೋರಿರುವುದು ಸಂಕ್ರಾಂತಿಯೊಂದೇ. ಈ ಆಜ್ಞೆಯನ್ನು ಹೊರಡಿಸಿದ ಪೂರ್ವಿಕರು ಯಾರೇ ಆಗಿರಲಿ, ಎಳೆಯ ಮಕ್ಕಳಿರುವ ಮನೆಯಲ್ಲಿ ಹಬ್ಬದ ಹಿಂದಿನ ವಾರವನ್ನು ಕಳೆದವರೇ ಆಗಿದ್ದಿರಬೇಕು. ಇಲ್ಲದಿದ್ದರೆ ಒಳ್ಳೆಯ ಮಾತಿಗೆ ಇಷ್ಟು ತುರ್ತಾದ ಅಗತ್ಯವುಂಟೆಂದು ಅವರಿಗೆ ತೋರುವ ಸಂಭವವೇ ಇರಲಿಲ್ಲ.

ಎಳ್ಳು ಬೀರುವುದೆಂದರೆ ಬರಿಯ ಎಳ್ಳನ್ನು ಬೀರುವುದಲ್ಲವೆಂಬುದನ್ನು ಮೈಸೂರು ಸೀಮೆಯವರಿಗೆ ಹೇಳಬೇಕಾದುದಿಲ್ಲ. ಕೊಬ್ಬರಿಯ ಗಿಟುಕಿನ ಕಪ್ಪು ಸಿಪ್ಪೆಯನ್ನು ಹೆರೆದು, ಬೆಳ್ಳಗಾದ ಮೇಲೆ ಅಡಕೊತ್ತಿನಲ್ಲಿ ಸಣ್ಣ ಚೂರುಗಳಾಗಿ ಕತ್ತರಿಸಬೇಕು, ಅಚ್ಚುಬೆಲ್ಲವನ್ನೂ ಅದೇ ಪ್ರಮಾಣಕ್ಕೆ ಇಳಿಸಬೇಕು, ಕಡಲೆಕಾಯಿಬೀಜವನ್ನು ಹುರಿದು, ಉಜ್ಜಿ, ಹೊಟ್ಟು ಊದಿ, ಎರಡು ಬೇಳೆಯಾಗಿ ಒಡೆಯಬೇಕು, ಹುರಿಗಡಲೆಯನ್ನು ಆರಿಸಬೇಕು, ಎಳ್ಳನ್ನು ತೊಳೆದು ಒಣಗಿಸಿ, ಚಟಪಟ ಎನ್ನುತ್ತಲೇ ಬಾಣಲೆಯಿಂದ ಇಳಿಸಬೇಕು. ಇವೆಲ್ಲವೂ ಬೆರೆತು ಸಿದ್ಧವಾಗಿರುವ ಎಳ್ಳು ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಕಿಲೋ ಲೆಕ್ಕದಲ್ಲಿ ದೊರೆಯುತ್ತದೆಂದು ನಾನು ಪ್ರತಿವರ್ಷವೂ ಸೂಚಿಸುತ್ತೇನೆ. ಪ್ರತಿವರ್ಷವೂ ನನ್ನ ಮನೆಯಾಕೆ ಅಡಕೊತ್ತನ್ನು ಒಂದು ಕ್ಷಣ ನಿಲ್ಲಿಸಿ ನನ್ನ ಮುಖವನ್ನು ನೋಡುತ್ತಾಳೆ. ಅಡಕೊತ್ತು ಹಿಡಿದಿರುವವರೊಡನೆ ವಾದಕ್ಕಿಳಿಯಬಾರದೆಂಬ ವಿವೇಕವು ನನಗೆ ಆ ಕ್ಷಣದಲ್ಲಿ ಪ್ರಾಪ್ತವಾಗುತ್ತದೆ.

ಕತ್ತರಿಸಿದ ಕೊಬ್ಬರಿಯನ್ನೂ ಬೆಲ್ಲವನ್ನೂ ಮಹಡಿಯ ಮೇಲೆ ಹಳೆಯ ಪಂಚೆಯ ಮೇಲೆ ಹರವಿ ಬಿಸಿಲಿಗಿಟ್ಟು, ಕಾಗೆ ಮುಟ್ಟದಂತೆ ಕಾವಲಿಗೆ ಮೊಮ್ಮಕ್ಕಳಿಬ್ಬರನ್ನು ಕೂರಿಸುವುದು ನಮ್ಮ ಮನೆಯ ಪದ್ಧತಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಕಟ್ಟಿದವನು ಈ ಏರ್ಪಾಡನ್ನು ಪ್ರತ್ಯಕ್ಷವಾಗಿ ಕಂಡಿದ್ದಿರಬೇಕು. ಸಾಯಂಕಾಲ ಪಂಚೆಯನ್ನು ಮಡಚಿ ಕೆಳಗಿಳಿಸಿದಾಗ ಕೊಬ್ಬರಿಯು ಇದ್ದಷ್ಟೇ ಇದ್ದು, ಬೆಲ್ಲವು ಮಾತ್ರ ಗಣನೀಯವಾಗಿ ಕ್ಷೀಣಿಸಿತ್ತು. ಮೂರನೆಯ ತರಗತಿಯಲ್ಲಿ ಓದುವ ಮೊಮ್ಮಗಳು, ಬಿಸಿಲಿಗೆ ಬೆಲ್ಲವು ಆವಿಯಾಗಿ ಹೋಗುತ್ತದೆಂದು ಶಾಸ್ತ್ರೋಕ್ತವಾಗಿ ನಿರೂಪಿಸಿದಳು. ಐದು ವರ್ಷದ ಅವಳ ತಮ್ಮನು ಅಷ್ಟು ಓದಿದವನಲ್ಲವಾದ್ದರಿಂದ, 'ನಾನು ಸ್ವಲ್ಪ ತಿಂದೆ, ಅಕ್ಕ ಜಾಸ್ತಿ ತಿಂದಳು' ಎಂದು ನಿಜವನ್ನು ಹೇಳಿಬಿಟ್ಟನು. ಆಮೇಲೆ ನಡೆದ ಸಂಭಾಷಣೆಯಲ್ಲಿ ಒಳ್ಳೆಯ ಮಾತುಗಳ ಸಂಖ್ಯೆ ಬಹಳ ಕಡಿಮೆ.

ಮೊಮ್ಮಗಳ ಓದು ನನಗೂ ಒಂದು ಪೇಚನ್ನು ತಂದಿಟ್ಟಿತು. ಹಬ್ಬದ ಮಹಿಮೆಯನ್ನು ಮಕ್ಕಳಿಗೆ ತಿಳಿಸುವುದು ತಾತನ ಕರ್ತವ್ಯವೆಂದು ಭಾವಿಸಿ, ಸೂರ್ಯನಾರಾಯಣನು ಅಂದಿನಿಂದ ಉತ್ತರದ ಕಡೆಗೆ ತಿರುಗುತ್ತಾನೆಂದೂ, ಭೀಷ್ಮನು ಶರಶಯ್ಯೆಯಲ್ಲಿ ಮಲಗಿ ಕಾದಿದ್ದುದು ಈ ಉತ್ತರಾಯಣಕ್ಕಾಗಿಯೇ ಎಂದೂ ಗಂಭೀರವಾಗಿ ಉಪಕ್ರಮಿಸಿದ್ದೆನು. 'ಇಲ್ಲ ತಾತ, ಸೂರ್ಯ ಡಿಸೆಂಬರ್ 22ಕ್ಕೇ ತಿರುಗಿಯಾಯಿತು ಅಂತ ನಮ್ಮ ಮಿಸ್ ಹೇಳಿದ್ದಾರೆ' ಎಂದಳು ಅವಳು. ಮಿಸ್ಸಿನ ಮಾತು ಸತ್ಯವೇ. ಸಂಕ್ರಾಂತಿಯನ್ನು ನಾವು ಗೊತ್ತುಮಾಡುವುದು ಸೂರ್ಯನು ಮಕರರಾಶಿಯನ್ನು ಪ್ರವೇಶಿಸುವ ಲೆಕ್ಕದಿಂದ. ಅಯನಚಲನದ ದೆಸೆಯಿಂದ ಈ ಪ್ರವೇಶವು ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತ ಬಂದು, ಒಂದಾನೊಂದು ಕಾಲದಲ್ಲಿ ಒಂದೇ ದಿನ ಒದಗುತ್ತಿದ್ದ ಅಯನಕ್ಕೂ ಸಂಕ್ರಮಣಕ್ಕೂ ಈಗ ಮೂರು ವಾರಗಳಿಗಿಂತ ಹೆಚ್ಚಿನ ಅಂತರವಾಗಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಅಂದು ತಾರೀಖು ಜನವರಿ 12. ಈಗ ಅದೇ ಹಬ್ಬವು 14ಕ್ಕೋ 15ಕ್ಕೋ ಬರುತ್ತದೆ. ಇದನ್ನೆಲ್ಲ ನಾನು ಸಾವಧಾನವಾಗಿ ವಿವರಿಸುತ್ತಿರಲು, ಇದುವರೆಗೂ ಕಬ್ಬಿನ ತುಂಡಿನಲ್ಲಿ ಮಗ್ನನಾಗಿದ್ದ ಮೊಮ್ಮಗನು ಸಿಪ್ಪೆಯನ್ನು ಉಗುಳಿ, 'ಹಾಗಾದರೆ ಹಬ್ಬ ಲೇಟಾ ತಾತ?' ಎಂದನು. ಲೇಟೆಂದು ಒಪ್ಪಿಕೊಳ್ಳದೆ ಗತ್ಯಂತರವಿರಲಿಲ್ಲ. 'ಲೇಟಾದರೂ ಪರವಾಗಿಲ್ಲವಾ?' 'ಪರವಾಗಿಲ್ಲಪ್ಪ' ಎಂದೆನು. ಅವನು ಇದನ್ನು ಮನಸ್ಸಿನಲ್ಲಿಟ್ಟುಕೊಂಡನೆಂಬುದು ನನಗೆ ಆಗ ತಿಳಿಯಲಿಲ್ಲ.

ಸಕ್ಕರೆ ಅಚ್ಚಿನ ಪ್ರಕರಣವು ಈ ಹಬ್ಬದಲ್ಲಿ ಪ್ರತ್ಯೇಕವಾದ ಒಂದು ಪರ್ವ. ನನ್ನ ತಾಯಿಯ ಕಾಲದ ಮರದ ಅಚ್ಚುಗಳು ವರ್ಷವೆಲ್ಲ ಅಟ್ಟದ ಮೇಲಿನ ತಗಡಿನ ಡಬ್ಬದಲ್ಲಿ ಅಜ್ಞಾತವಾಸವನ್ನು ಅನುಭವಿಸಿ, ಹಬ್ಬಕ್ಕೆ ಮುನ್ನ ಕೆಳಗಿಳಿದು, ಒಂದು ರಾತ್ರಿ ನೀರಿನಲ್ಲಿ ನೆನೆಯುತ್ತವೆ. ಗಿಳಿ, ಆನೆ, ಮೀನು, ತುಲಸೀ ಬೃಂದಾವನ, ಹೂಬುಟ್ಟಿ, ಗೋಪುರ—ಒಂದೊಂದೂ ಎರಡು ಹೋಳು. ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿಯಾಗಿ ಸುತ್ತಬೇಕು. ಸಕ್ಕರೆಗೆ ನೀರು ಬೆರೆಸಿ ಒಲೆಯ ಮೇಲಿಟ್ಟು, ಕುದಿಯುವಾಗ ಒಂದಿಷ್ಟು ಹಾಲನ್ನು ಬಿಟ್ಟರೆ ಕೊಳೆಯೆಲ್ಲ ನೊರೆಯೊಡನೆ ಮೇಲಕ್ಕೆ ಬರುತ್ತದೆ. ಅದನ್ನು ತೆಗೆದು, ಪಾಕವನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಯಿಸಿ, ಹದ ಬಂದೊಡನೆ ಇಳಿಸಿ, ಬೆಳ್ಳಗಾಗುವ ತನಕ ತಿರುವಿ, ಗಟ್ಟಿಯಾಗುವುದರೊಳಗೆ ಅಚ್ಚಿನ ಬಾಯಿಗೆ ಹೊಯ್ಯಬೇಕು. ಹದವು ಕ್ಷಣಕಾಲ ತಪ್ಪಿದರೂ ಪಾಕವು ಪಾತ್ರೆಯಲ್ಲಿಯೇ ಕಲ್ಲಾಗುವುದು. ಮುಂಚಿತವಾಗಿ ಹೊಯ್ದರೆ ಅಚ್ಚಿಗಂಟಿಕೊಂಡು ಆನೆಗೆ ಸೊಂಡಿಲಿಲ್ಲದಂತಾಗುವುದು. ಈ ಸಮಯದಲ್ಲಿ ಅಡಿಗೆಮನೆಯ ಹೊಸಿಲನ್ನು ಗಂಡಸರು ದಾಟಕೂಡದೆಂದು ನಮ್ಮ ಮನೆಯಲ್ಲಿ ಕಟ್ಟಳೆ. ನಾನು ಅದನ್ನು ಸಂತೋಷದಿಂದ ಪಾಲಿಸುತ್ತೇನೆ.

ಮುರಿದದ್ದು ಮಕ್ಕಳಿಗೆ, ಮುರಿಯದೆ ಇದ್ದದ್ದು ಊರಿಗೆ ಎಂಬುದು ಇನ್ನೊಂದು ಕಟ್ಟಳೆ. ಇದನ್ನು ವಿಧಿಸಿದವರು ಕರುಣೆಯಿಂದಲೇ ವಿಧಿಸಿದ್ದರೂ, ಇದರ ಪರಿಣಾಮವಾಗಿ ಮನೆಯ ಹಿರಿಯರೆಲ್ಲರೂ ಅಚ್ಚು ಸರಿಯಾಗಿ ಬರಲೆಂದೂ ಕಿರಿಯರೆಲ್ಲರೂ ಕೆಡಲೆಂದೂ ಏಕಕಾಲದಲ್ಲಿ ಒಬ್ಬನೇ ದೇವರನ್ನು ಪ್ರಾರ್ಥಿಸುವ ಪರಿಸ್ಥಿತಿಯೊದಗಿದೆ. ಅಜ್ಜಿಯು ದಾರವನ್ನು ಬಿಚ್ಚಿ, ಹೋಳುಗಳನ್ನು ಮೆಲ್ಲನೆ ಅಗಲಿಸಿ, ಗಿಳಿಯನ್ನು ಅಂಗೈಮೇಲೆ ಎತ್ತಿಕೊಂಡಳು. ಎರಡು ತಲೆಗಳು ಎರಡು ಪಾರ್ಶ್ವಗಳಿಂದ ಬಗ್ಗಿದವು.

'ಕೊಕ್ಕು ಮುರಿದಿದೆ ಅಲ್ವಾ ಅಜ್ಜಿ?'

'ಇಲ್ಲ ಕಣೋ, ಚೆನ್ನಾಗೇ ಇದೆ.'

'ಸರಿಯಾಗಿ ನೋಡಜ್ಜಿ.'

'ನೋಡಿದೆ. ಚೆನ್ನಾಗಿದೆ.'

'ಕನ್ನಡಕ ಹಾಕ್ಕೊಂಡು ನೋಡಜ್ಜಿ.'

ಕನ್ನಡಕವನ್ನು ತರಲು ಆಕೆ ನಡುಮನೆಗೆ ಹೋಗಿ ಬರುವಷ್ಟರಲ್ಲಿ ಗಿಳಿಯ ಕೊಕ್ಕು ಮಾತ್ರವೇ ಅಲ್ಲ, ಬಾಲವೂ ದೈವಾಧೀನವಾಗಿತ್ತು. ಕನ್ನಡಕದಿಂದ ನೋಡಿ ಆಕೆ ಮುರಿದಿರುವುದನ್ನು ಒಪ್ಪಿಕೊಂಡಳು. ಕಟ್ಟಳೆಯು ಕಟ್ಟಳೆಯೇ ಆದ್ದರಿಂದ ಗಿಳಿಯು ಮಕ್ಕಳ ಪಾಲಾಯಿತು. ನನ್ನ ಸೊಸೆಯು ಧಾರವಾಡದವಳು. ಅವಳ ತವರಿನಿಂದ ಪ್ರತಿವರ್ಷವೂ ಕುಸುರೆಳ್ಳಿನ ಡಬ್ಬವೊಂದು ಬರುತ್ತದೆ. ಒಂದೊಂದು ಎಳ್ಳಿನ ಮೇಲೂ ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಬಿಟ್ಟು, ಬಿಸಿ ಪಾತ್ರೆಯಲ್ಲಿ ಬೆರಳಾಡಿಸಿ ಆಡಿಸಿ, ಸಣ್ಣ ಸಣ್ಣ ಮುಳ್ಳುಗಳನ್ನು ಎಬ್ಬಿಸಿದ ಆ ಕುಶಲಕರ್ಮವನ್ನು ಕಂಡರೆ ಮೈಸೂರಿನ ಅಭಿಮಾನಿಯಾದ ನಾನೂ ತಲೆದೂಗಬೇಕಾಗುತ್ತದೆ. ನಮ್ಮ ಎಳ್ಳು ಶ್ರೇಷ್ಠವೋ ಬೀಗರದು ಶ್ರೇಷ್ಠವೋ ಎಂಬ ಚರ್ಚೆಯು ಹಿರಿಯರ ನಡುವೆ ಅತ್ಯಂತ ವಿನಯದಿಂದಲೇ ನಡೆಯುತ್ತಿರಲು, ಮೊಮ್ಮಗನು, 'ಧಾರವಾಡದ್ದೇ ಚೆನ್ನಾಗಿದೆ, ಇದರಲ್ಲಿ ಉಗುಳೋಕೆ ಕೊಬ್ಬರಿ ಇಲ್ಲ' ಎಂದು ತೀರ್ಪನ್ನಿತ್ತನು. ಹೆರೆದು ಹೆರೆದು ಬೆರಳು ಸವೆಸಿದ್ದ ಅಜ್ಜಿಯು ಆ ತೀರ್ಪನ್ನು ಮೌನವಾಗಿ ಸ್ವೀಕರಿಸಿದಳು.

ಕಬ್ಬಿಗೆ ಮಾತ್ರ ನಮ್ಮಲ್ಲಿ ಬರವಿಲ್ಲ. ಕನ್ನಂಬಾಡಿಯ ನೀರು ಆಗಿನ ಇರ್ವಿನ್ ನಾಲೆಯಲ್ಲಿ, ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಮಂಡ್ಯದ ಕಡೆಯ ಒಣಭೂಮಿಯನ್ನು ಗದ್ದೆಯಾಗಿಸಿ, 1933ರಲ್ಲಿ ಅಲ್ಲಿ ಸಕ್ಕರೆಯ ಕಾರ್ಖಾನೆಯೂ ಆರಂಭವಾದಂದಿನಿಂದ, ಸಂಕ್ರಾಂತಿಯಲ್ಲಿ ಮೈಸೂರಿನ ಬೀದಿಗಳು ಕಬ್ಬಿನ ಜಲ್ಲೆಯಿಂದ ತುಂಬುವುದಕ್ಕೆ ಅಡ್ಡಿಯಿಲ್ಲದಂತಾಗಿದೆ. ಜಲ್ಲೆಯನ್ನು ಆಟೋರಿಕ್ಷಾದೊಳಗೆ ತೂರಿಸುವ ವಿಧಾನವನ್ನು ಮಾತ್ರ ಯಾವ ಇಂಜಿನಿಯರೂ ಇನ್ನೂ ಕಂಡುಹಿಡಿದಿಲ್ಲ.

ಹಬ್ಬದ ಸಾಯಂಕಾಲ ಜರಿಲಂಗವನ್ನು ಉಟ್ಟು, ಮೊಗ್ಗಿನ ಜಡೆಯ ಭಾರದಿಂದ ತಲೆಯನ್ನು ಹಿಂದಕ್ಕೆ ಎಳೆದುಕೊಂಡು, ತಟ್ಟೆಯ ಮೇಲೆ ಎಳ್ಳಿನ ಪೊಟ್ಟಣಗಳನ್ನೂ ಸಕ್ಕರೆ ಅಚ್ಚುಗಳನ್ನೂ ಬಾಳೆಹಣ್ಣನ್ನೂ ಇಟ್ಟುಕೊಂಡು ಮೊಮ್ಮಗಳು ಬೀದಿಗೆ ಹೊರಟಳು. ತಮ್ಮನು ಕಬ್ಬಿನ ತುಂಡುಗಳ ಚೀಲವನ್ನು ಹೊತ್ತನು. ನಾನು ಅಂಗರಕ್ಷಕನಾಗಿ ಹಿಂದೆ ನಡೆದೆನು. ಯಾವ ಮನೆಗೆ ಮೊದಲು ಹೋಗಬೇಕೆಂಬುದನ್ನು ಅವಳು ಹಿಂದಿನ ವರ್ಷದ ಅನುಭವದ ಮೇಲೆ ಆಗಲೇ ನಿರ್ಣಯಿಸಿದ್ದಳು. ದೊಡ್ಡ ಅಚ್ಚು ಕೊಡುವ ಮನೆಗಳು ಪ್ರಥಮ ವರ್ಗ. ಅಚ್ಚಿಗೆ ಬದಲಾಗಿ ಪೆಪ್ಪರ್‌ಮೆಂಟು ಹಾಕುವವರು ದ್ವಿತೀಯ. ಉಳಿದವರು ಬಂಧುಗಳಾಗಿದ್ದರೂ ತೃತೀಯ. ಆ ತೃತೀಯ ವರ್ಗದ ಮನೆಯೊಂದರಲ್ಲಿ, ಸಾತ್ತ್ವಿಕರೂ ವಯೋವೃದ್ಧರೂ ಆದ ಆ ಮನೆಯ ಯಜಮಾನಿತಿಯು ಮಗುವಿನ ಗಲ್ಲವನ್ನು ಸವರಿ, 'ನಮ್ಮ ಎಳ್ಳು ಹೇಗಿತ್ತೇ ಪುಟ್ಟಿ ಹೋದ ವರ್ಷ?' ಎಂದು ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದರು. 'ನಿಮ್ಮದರಲ್ಲಿ ಬರೀ ಹುರಿಗಡಲೆ ಅಂತ ಅಜ್ಜಿ ಹೇಳಿದರು' ಎಂದಿತು ಮಗು.

ದೊಡ್ಡವರು ಒಳ್ಳೆಯ ಮಾತನ್ನೇನೋ ಆಡುತ್ತೇವೆ. ಅದರಲ್ಲಿ ನಿಜದ ಪ್ರಮಾಣವು ನಮ್ಮ ಮಿಶ್ರಣದಲ್ಲಿನ ಎಳ್ಳಿನಷ್ಟೇ ಇರುತ್ತದೆ. ಮಕ್ಕಳಿಗೆ ಈ ಬೆರೆಸುವ ವಿದ್ಯೆಯು ಇನ್ನೂ ಕೈಗೂಡಿರುವುದಿಲ್ಲ. ಹೀಗಿದ್ದೂ ವರ್ಷದಲ್ಲಿ ಒಂದು ದಿನ ಒಳ್ಳೆಯ ಮಾತನ್ನು ಮನೆಮನೆಗೆ ಒಯ್ಯಬೇಕಾದಾಗ ನಾವು ಅವರನ್ನೇ ದೂತರನ್ನಾಗಿ ಕಳುಹಿಸುತ್ತೇವೆ. ಆ ಯಜಮಾನಿತಿಯಾದರೋ ದೊಡ್ಡ ಮನಸ್ಸಿನವರು. ಬಿದ್ದು ಬಿದ್ದು ನಕ್ಕು, ಒಳಗೆ ಹೋಗಿ ಮತ್ತೊಂದು ಪೊಟ್ಟಣವನ್ನು ತಂದು, 'ಇದರಲ್ಲಿ ಹುರಿಗಡಲೆಯೇ ಇಲ್ಲ ಅಂತ ಹೇಳು ನಿಮ್ಮಜ್ಜಿಗೆ' ಎಂದರು. ನಾನು ಅವರ ಮನೆಯ ಬಾಗಿಲಿನ ತೋರಣದ ಎಲೆಗಳನ್ನು ಅತ್ಯಾಸಕ್ತಿಯಿಂದ ಪರೀಕ್ಷಿಸುತ್ತಿದ್ದೆನು.

ಮನೆಗೆ ಹಿಂದಿರುಗುವ ವೇಳೆಗೆ ಒಂದು ವರ್ಷದ ಕಿರಿಯ ಕೂಸಿಗೆ ಕರಿ ಎರೆಯುವ ಸಿದ್ಧತೆಯು ನಡೆದಿತ್ತು. ಐದು ವರ್ಷದೊಳಗಿನ ಮಕ್ಕಳಿಗೆ ದೃಷ್ಟಿ ತಾಕದಿರಲೆಂದು, ರಂಗವಲ್ಲಿಯ ಮೇಲೆ ಮಣೆಯಿಟ್ಟು ಕೂರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಇವನ್ನೆಲ್ಲ ಬೆರೆಸಿ ಪಾವಿನಲ್ಲಿ ತುಂಬಿ ನೆತ್ತಿಯ ಮೇಲೆ ಸುರಿಯುವ ಈ ಸಂಪ್ರದಾಯದಲ್ಲಿ, ಮೊದಲನೆಯ ಎಲಚಿಹಣ್ಣು ತಲೆಗೆ ತಾಕಿದೊಡನೆ ಕೂಸು ಅಳುವುದೂ, ಕೊನೆಯ ಕಾಸು ನೆಲಕ್ಕೆ ಬೀಳುವುದರೊಳಗೆ ನೆರೆದ ಮಕ್ಕಳೆಲ್ಲರೂ ಅದರ ಮೇಲೆ ಮುಗಿಬೀಳುವುದೂ ಶಾಸ್ತ್ರದ ಅಂಗಗಳೇ ಆಗಿಹೋಗಿವೆ. ಈ ಸಲ ಹಾಗಾಗಲಿಲ್ಲ. ಪಾವನ್ನು ಎತ್ತುವ ಮೊದಲೇ ಮೊಮ್ಮಗನು ತಾನೂ ಒಂದು ಮಣೆಯನ್ನು ತಂದು ತಂಗಿಯ ಪಕ್ಕದಲ್ಲಿ ಹಾಕಿಕೊಂಡು ಕುಳಿತನು.

'ನಿನಗೆ ಐದು ತುಂಬಿತಲ್ಲೋ, ಏಳು' ಎಂದಳು ಅಜ್ಜಿ.

'ತುಂಬಿದ್ದು ಹೋದ ತಿಂಗಳು. ಸ್ವಲ್ಪ ಲೇಟು, ಅಷ್ಟೆ. ಲೇಟಾದರೂ ಪರವಾಗಿಲ್ಲ ಅಂತ ತಾತ ಹೇಳಿದ್ದಾರೆ.'

ಎಲ್ಲರೂ ನನ್ನ ಕಡೆಗೆ ತಿರುಗಿದರು. ಅಯನಚಲನವನ್ನು ಮತ್ತೊಮ್ಮೆ ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ, ಮನೆಯಾಕೆ ಕೈಯಲ್ಲಿದ್ದ ಪಾವನ್ನು ಅವನ ತಲೆಯ ಮೇಲೆಯೇ ಬೋರಲು ಹಾಕಿದಳು. ಕಾಸನ್ನು ಮಾತ್ರ ಮುಂಚಿತವಾಗಿ ಆರಿಸಿ ತೆಗೆದಿದ್ದಳು. ಮಣೆಯ ಸುತ್ತಲಿನ ಎಲಚಿಹಣ್ಣುಗಳ ನಡುವೆ ಬಹಳ ಹೊತ್ತು ತಡಕಾಡಿ, ಕೊನೆಗೆ ತಲೆಯೆತ್ತಿ, 'ಇದು ಬರೀ ಹುರಿಗಡಲೆ ಥರ ಆಯ್ತು' ಎಂದು ಅವನು ಗೊಣಗುತ್ತಿರಲು, ಕೂಸು ಅಳುವುದನ್ನು ಮರೆತು ಅವನ ಕೂದಲಿನಲ್ಲಿ ಸಿಕ್ಕಿಕೊಂಡಿದ್ದ ಕಬ್ಬಿನ ಚೂರೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಿತು.