ಕೃಷ್ಣಬೀಜಪಾಕ ಮೀಮಾಂಸೆ: ಮೆಕ್ಸಿಕೋದ ಕಪ್ಪು ಬೀನ್ಸ್ ಬೇಯಿಸುವ ಶಾಸ್ತ್ರ

ಪ್ರಕರಣ 1: ಅನುಬಂಧ ಚತುಷ್ಟಯ

ಕಪ್ಪು ಬೀನ್ಸ್ ಎಂಬುದು ಒಂದು ಕಾಳು. ಅದನ್ನು ನೀರಿಗೆ ಹಾಕಿ ಮೆತ್ತಗಾಗುವವರೆಗೆ ಕುದಿಸಿದರೆ ಅಡುಗೆಯಾಗುತ್ತದೆ. ಶಾಸ್ತ್ರದ ಸಾರ ಇಷ್ಟೇ. ಸಾರ ಇಷ್ಟೇ ಇರುವ ಎಲ್ಲ ಶಾಸ್ತ್ರಗಳಂತೆ ಇದಕ್ಕೂ ದೊಡ್ಡ ಭಾಷ್ಯ ಬೇಕಾಗುತ್ತದೆ.

ಯಾವ ಗ್ರಂಥವೇ ಆಗಲಿ, ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿ ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ, ಕಾಳು. ಪ್ರಯೋಜನ, ಹೊಟ್ಟೆ ತುಂಬುವುದು. ಸಂಬಂಧ, ಕಾಳಿಗೂ ಹೊಟ್ಟೆಗೂ ಇರುವಂಥದ್ದು. ಅದರ ಸದ್ದು ಐದನೆಯ ಪ್ರಕರಣದಲ್ಲಿ ಕೇಳಿಬರಲಿದೆ. ಅಧಿಕಾರಿ, ಹಸಿದವನು, ಆದರೆ ತೀರಾ ಹಸಿದವನಲ್ಲ. ಎರಡು ಗಂಟೆ ಕಾಯುವ ತಾಳ್ಮೆ ಇಲ್ಲದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ಪ್ರಕರಣ 2: ಕುಲಗೋತ್ರ ವಿಚಾರ

ಈ ಕಾಳಿನ ಸಸ್ಯಶಾಸ್ತ್ರೀಯ ನಾಮಧೇಯ ಫೇಸಿಯೋಲಸ್ ವಲ್ಗ್ಯಾರಿಸ್. ಇದರ ಕಾಡುಬಳ್ಳಿಯನ್ನು ಮನುಷ್ಯ ಎರಡು ಕಡೆ ಬೇರೆಬೇರೆಯಾಗಿ ಪಳಗಿಸಿದ: ಒಂದು ಮೆಕ್ಸಿಕೋ ಸೀಮೆಯಲ್ಲಿ, ಇನ್ನೊಂದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ. ಕಪ್ಪು ಬೀನ್ಸ್ ಮೆಕ್ಸಿಕೋ ಶಾಖೆಯದು. ಬೆಂಗಳೂರಿನ ಮದುವೆ ಊಟದ ಬೀನ್ಸ್ ಪಲ್ಯದ ಎಳೆಗಾಯಿಯೂ ಪಂಜಾಬಿ ಡಾಬಾದ ರಾಜ್ಮಾ ಕಾಳೂ ಇದರ ಸಗೋತ್ರಗಳೇ. ಇಡಿ ಉದ್ದು ಕಪ್ಪಗಿದ್ದರೂ ಈ ಕುಲಕ್ಕೆ ಸೇರಿದ್ದಲ್ಲ. ಚೀನೀ ಅಡುಗೆಯ ಬ್ಲ್ಯಾಕ್ ಬೀನ್ ಸಾಸಿನಲ್ಲಿರುವುದಂತೂ ಹುದುಗಿಸಿದ ಸೋಯಾ. ಬಣ್ಣ ನೋಡಿ ಕುಲ ನಿರ್ಣಯಿಸಬಾರದು ಎಂಬ ನೀತಿಯನ್ನು ಮನುಷ್ಯರು ಇನ್ನೂ ಪೂರ್ತಿ ಕಲಿತಿಲ್ಲವಾದರೂ ಕಾಳುಗಳ ವಿಷಯದಲ್ಲಿ ಅದು ಸಿದ್ಧವಾಗಿದೆ.

ಮೆಕ್ಸಿಕೋದಲ್ಲೂ ಎಲ್ಲರೂ ಕಪ್ಪು ಕಾಳಿನ ಅನುಯಾಯಿಗಳಲ್ಲ. ಉತ್ತರದವರು ಚುಕ್ಕೆಚುಕ್ಕೆಯ ಪಿಂತೋ ಕಾಳನ್ನು ಬೇಯಿಸುತ್ತಾರೆ. ನಡುನಾಡಿನವರಿಗೆ ಗುಲಾಬಿ ಛಾಯೆಯ ಫ್ಲೋರ್ ದೆ ಮಾಯೋ ಇಷ್ಟ. ವೆರಾಕ್ರೂಸ್, ತಬಾಸ್ಕೋ, ವಹಾಕಾ, ಚಿಯಾಪಸ್, ಯುಕತಾನ್ ಎಂಬ ದಕ್ಷಿಣ ಮತ್ತು ಆಗ್ನೇಯದ ರಾಜ್ಯಗಳು ಕಪ್ಪಿನ ಪೀಠಗಳು.

ಹೊಲದಲ್ಲಿ ಈ ಬಳ್ಳಿ ಒಂಟಿಯಲ್ಲ. ಮಿಲ್ಪಾ ಎಂಬ ಹಳೆಯ ಬೇಸಾಯದಲ್ಲಿ ಮೆಕ್ಕೆಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ಬೀನ್ಸಿನ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಜೋಳ ಆಸರೆ ಕೊಟ್ಟಿತು, ಬೀನ್ಸ್ ಗೊಬ್ಬರ ಕೊಟ್ಟಿತು. ಕೂಡುಕುಟುಂಬ ಮುರಿಯದೆ ನಡೆದದ್ದಕ್ಕೆ ಇದಕ್ಕಿಂತ ಹಳೆಯ ದಾಖಲೆ ಸಿಗುವುದು ಕಷ್ಟ.

ಆಸ್ಟೆಕ್ ದೊರೆಗಳಿಗೆ ಸಾಮಂತ ಪ್ರಾಂತಗಳು ಸಲ್ಲಿಸುತ್ತಿದ್ದ ಕಪ್ಪಕಾಣಿಕೆಯ ಪಟ್ಟಿ ಮೆಂದೋಸಾ ಕೋಡೆಕ್ಸ್ ಎಂಬ 16ನೆಯ ಶತಮಾನದ ಚಿತ್ರಗ್ರಂಥದಲ್ಲಿದೆ. ಅದೀಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಮೆಕ್ಕೆಜೋಳ, ಚಿಯಾ, ರಾಜಗಿರಿ ಬೀಜಗಳ ಜೊತೆಗೆ ಬೀನ್ಸ್ ತುಂಬಿದ ಕಣಜಗಳೂ ಅಲ್ಲಿ ಚಿತ್ರಿತವಾಗಿವೆ. ರಾಜ್ಯಭಾರಕ್ಕೆ ಚಿನ್ನದಷ್ಟೇ ಬೇಯುವ ಕಾಳೂ ಬೇಕೆಂಬುದು ಇದರಿಂದ ಸಿದ್ಧ.

1521ರ ಆಗಸ್ಟ್ 13ರಂದು ಆಸ್ಟೆಕ್ ರಾಜಧಾನಿ ಸ್ಪೇನಿನವರ ವಶವಾಯಿತು. ಅವರ ಹಿಂದೆಯೇ ಹಂದಿ, ಈರುಳ್ಳಿ, ಬೆಳ್ಳುಳ್ಳಿ ಬಂದವು. ಹೀಗಾಗಿ ಹಂದಿಯ ಕೊಬ್ಬಿನಲ್ಲಿ ಈರುಳ್ಳಿ ಬಾಡಿಸಿ ಮಾಡುವ ‘ಸನಾತನ’ ಬೀನ್ಸಿಗೆ ಹೆಚ್ಚೆಂದರೆ ಸುಮಾರು ಐನೂರು ವರ್ಷದ ಪ್ರಾಯ. ಶುದ್ಧಿವಾದಿಗಳು ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾರೆ. ಅವರಿಗೆ ಸಮಾಧಾನ ಇಷ್ಟು: ಅದೇ ಮೆಕ್ಸಿಕೋ ಸೀಮೆಯ ಮೆಣಸಿನಕಾಯಿ ಪೋರ್ಚುಗೀಸರ ಹಡಗೇರಿ ಬರುವ ತನಕ ಕನ್ನಡ ನಾಡಿನ ಸಾರಿಗೂ ಕರಿಮೆಣಸೇ ಗತಿಯಾಗಿತ್ತು.

ಪ್ರಕರಣ 3: ನೆನೆಸುವಿಕೆಯ ಪೂರ್ವಪಕ್ಷ ಮತ್ತು ಸಿದ್ಧಾಂತ

ಕಾಳನ್ನು ನೆನೆಹಾಕಬೇಕೇ ಬೇಡವೇ ಎಂಬುದು ಈ ಶಾಸ್ತ್ರದ ಮಹಾಸಮರ. ಇಲ್ಲಿ ಪಕ್ಷಗಳು ಎರಡು: ನೆನೆವಾದಿಗಳು, ಒಣವಾದಿಗಳು.

ನೆನೆವಾದಿಗಳ ಪೂರ್ವಪಕ್ಷ: ರಾತ್ರಿಯಿಡೀ ನೆನೆದ ಕಾಳು ಬೇಗ ಬೇಯುತ್ತದೆ, ಉರುವಲು ಉಳಿಯುತ್ತದೆ, ವಾಯುಕಾರಕ ಸಕ್ಕರೆಗಳು ಒಂದಷ್ಟು ನೀರಿಗೆ ಬಿಡುತ್ತವೆ. ಒಣವಾದಿಗಳ ಉತ್ತರ: ಆ ನೀರು ಚೆಲ್ಲಿದರೆ ಬಣ್ಣವೂ ರುಚಿಯೂ ಮೋರಿಗೆ ಹೋಗುತ್ತವೆ, ಕಪ್ಪು ಬೀನ್ಸಿನ ಸಿಪ್ಪೆ ತೆಳು, ಹೊಸ ಕಾಳಾದರೆ ನೆನೆಸದಿದ್ದರೂ ಬೇಯುತ್ತದೆ. ಸಿಪ್ಪೆಯ ಕಪ್ಪು ಆಂಥೋಸಯನಿನ್ ಎಂಬ ವರ್ಣದ್ರವ್ಯಗಳಿಂದ ಬಂದದ್ದು. ನೇರಳೆ ಹಣ್ಣಿನಲ್ಲೂ ಇದೇ ಜಾತಿಯವು ಇವೆ. ನೀರಿನಲ್ಲಿ ಕರಗುವ ಗುಣ ಇವಕ್ಕಿರುವುದರಿಂದ ನೆನೆಹಾಕಿದ ಪಾತ್ರೆ ಬೆಳಗಾಗುವುದರೊಳಗೆ ಶಾಯಿಯ ದೌತಿಯಾಗಿರುತ್ತದೆ.

ಸಿದ್ಧಾಂತ: ಹೊಸ ಕಾಳಾದರೆ ಒಣವಾದ, ಹಳೆಯದಾದರೆ ನೆನೆವಾದ. ಸೆಕೆ, ತೇವದಲ್ಲಿ ಬಹುಕಾಲ ಕೂತ ಕಾಳು ಗಟ್ಟಿಯಾಗಿ, ಎಷ್ಟು ಕುದಿಸಿದರೂ ಬೇಯದ ಹಟಕ್ಕೆ ಬೀಳುತ್ತದೆ. ಅಂಗಡಿಯವನು ಎಲ್ಲ ಕಾಳನ್ನೂ ಹೊಸದೆಂದೇ ಹೇಳುವುದರಿಂದ ಇಲ್ಲಿ ಆಪ್ತವಾಕ್ಯ ಪ್ರಮಾಣವಾಗದು.

ಉಪವಾದ: ಉಪ್ಪು ಮೊದಲೇ ಹಾಕಿದರೆ ಸಿಪ್ಪೆ ಗಟ್ಟಿಯಾಗುತ್ತದೆಂದು ಪರಂಪರೆ ಹೇಳುತ್ತದೆ. ರಸಾಯನಶಾಸ್ತ್ರ ಒಪ್ಪುವುದಿಲ್ಲ. ಸಿಪ್ಪೆಯ ಪೆಕ್ಟಿನನ್ನು ಬಿಗಿಹಿಡಿದಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಜಾಗವನ್ನು ಉಪ್ಪಿನ ಸೋಡಿಯಂ ಆಕ್ರಮಿಸಿ, ಬಿಗಿತ ಸಡಿಲಿಸಿ, ಸಿಪ್ಪೆಯನ್ನು ಮೆದುಗೊಳಿಸುತ್ತದೆ. ನಿಜವಾಗಿ ಅಡ್ಡಿ ಮಾಡುವವು ಗಡಸು ನೀರು ಮತ್ತು ಹುಳಿ. ಆದ್ದರಿಂದ ಟೊಮ್ಯಾಟೊ, ನಿಂಬೆರಸಗಳಿಗೆ ಕಾಳು ಬೆಂದ ಮೇಲೆಯೇ ಪ್ರವೇಶ. ಇಷ್ಟಾದರೂ ಮೆಕ್ಸಿಕೋದ ಬಹುಪಾಲು ಅಜ್ಜಿಯರು ಉಪ್ಪನ್ನು ಕೊನೆಯಲ್ಲೇ ಹಾಕುತ್ತಾರೆ. ಅಜ್ಜಿಯ ಎದುರು ಸೋಡಿಯಂ ಅಯಾನಿನ ವಾದ ನಿಲ್ಲುವುದಿಲ್ಲ. ಬಲವಾದ ಪ್ರಮಾಣದಿಂದ ದುರ್ಬಲ ಪ್ರಮಾಣ ಬಾಧಿತವಾಗುತ್ತದೆ ಎಂಬುದು ನ್ಯಾಯ.

ಪ್ರಕರಣ 4: ಕ್ರಿಯಾಸೂತ್ರಗಳು

ಸೂತ್ರ 1. ಕಾಳನ್ನು ಆರಿಸತಕ್ಕದ್ದು.

ವ್ಯಾಖ್ಯಾನ: 500 ಗ್ರಾಂ ಕಾಳನ್ನು ಮೇಜಿನ ಮೇಲೆ ಹರವಿ, ಸ್ವಲ್ಪಸ್ವಲ್ಪವಾಗಿ ತನ್ನ ಕಡೆಗೆ ಎಳೆದುಕೊಳ್ಳುತ್ತ ಕಲ್ಲು, ಮಣ್ಣಿನ ಹೆಂಟೆ, ಮುರುಟಿದ ಕಾಳು ತೆಗೆಯುವುದು ಮೆಕ್ಸಿಕೋದ ಕ್ರಮ, ಮೊರದಲ್ಲಿ ಕೇರಿದರೂ ದೋಷವಿಲ್ಲ. ಕಪ್ಪು ಕಾಳಿನಲ್ಲಿ ಅಡಗಿದ ಕಪ್ಪು ಕಲ್ಲು ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೆ ಕಾಣುತ್ತದೆ. ಇದನ್ನು ದಂತಪ್ರತ್ಯಕ್ಷ ಎನ್ನಬಹುದು.

ಸೂತ್ರ 2. ಪಾತ್ರೆಗೆ ಹಾಕಿ ನೀರು ಹೊಯ್ಯತಕ್ಕದ್ದು.

ವ್ಯಾಖ್ಯಾನ: ತೊಳೆದ ಕಾಳಿಗೆ ಎರಡರಿಂದ ಎರಡೂವರೆ ಲೀಟರ್ ನೀರು, ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಹಂದಿಯ ಕೊಬ್ಬು, ಅದು ಒಗ್ಗದವರಿಗೆ ಅಡುಗೆ ಎಣ್ಣೆ. ಮಣ್ಣಿನ ಗಡಿಗೆಯಲ್ಲಿ ಬೆಂದರೆ ರುಚಿ ಹೆಚ್ಚೆಂಬುದು ಸಂಪ್ರದಾಯ. ಆದರೆ ಮೆಕ್ಸಿಕೋದ ಸಾಂಪ್ರದಾಯಿಕ ಹೊಳಪು ಲೇಪದ ಮಡಕೆಗಳಲ್ಲಿ ಸೀಸ ಇರುವುದುಂಟು. ಅದು ರುಚಿಯ ಭಾಗವಲ್ಲ.

ಸೂತ್ರ 3. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ.

ವ್ಯಾಖ್ಯಾನ: ಹಸಿ ಕಾಳಿನಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನಿದೆ, ಕೆಂಪು ರಾಜ್ಮಾದಲ್ಲಿ ಹೆಚ್ಚು, ಕಪ್ಪಿನಲ್ಲಿ ಕಡಿಮೆ. ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದರೆ ಅದು ನಾಶವಾಗುತ್ತದೆ. ಹೆಸರು ಉಚ್ಚರಿಸಲು ಹೋಗುವುದಕ್ಕಿಂತ ಕುದಿಸುವುದು ಸುಲಭ. ಆಮೇಲೆ ಉರಿ ಇಳಿಸಿ, ಮುಚ್ಚಳ ಓರೆಯಾಗಿ ಇಟ್ಟು, ಒಂದೂವರೆಯಿಂದ ಎರಡೂವರೆ ಗಂಟೆ ಬೇಯಿಸಬೇಕು. ನೀರು ಇಂಗಿದರೆ ಬಿಸಿನೀರನ್ನೇ ಸೇರಿಸಬೇಕು.

ಸೂತ್ರ 4. ಕಾಲವು ದೇಶಾಧೀನವು.

ವ್ಯಾಖ್ಯಾನ: ವೆರಾಕ್ರೂಸ್ ಬಂದರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ; ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಮೆಕ್ಸಿಕೋ ನಗರದಲ್ಲಿ ಸುಮಾರು 92–93ರಲ್ಲೇ ಕುದಿದುಬಿಡುತ್ತದೆ. ಕುದಿಯುವುದು ಬೇಗ, ಬೇಯುವುದು ತಡ: ರಾಜಧಾನಿಗಳ ಲಕ್ಷಣವೇ ಇದು. ಒತ್ತಡದಿಂದ ಶಾಖವನ್ನು 120 ಡಿಗ್ರಿಯ ಸುತ್ತಮುತ್ತ ಏರಿಸುವ ಪ್ರೆಶರ್ ಕುಕ್ಕರ್ ಇದಕ್ಕೆ ಪರಿಹಾರ. ಅದರಲ್ಲಿ ನೆನೆಸದ ಕಾಳಿಗೂ 35–40 ನಿಮಿಷ ಸಾಕು. ಕಾಳು, ನೀರು ಎರಡೂ ಸೇರಿ ಕುಕ್ಕರಿನ ಅರ್ಧ ಮೀರಬಾರದು, ನೊರೆ ಉಕ್ಕಿ ಹಬೆಯ ದಾರಿ ಕಟ್ಟಿಕೊಳ್ಳುತ್ತದೆ. ಕನ್ನಡ ಮನೆಗಳಲ್ಲಿ ಈ ಕಾಲವನ್ನು ‘ಕೂಗು’ ಎಂಬ ಮಾನದಿಂದ ಅಳೆಯುತ್ತಾರೆ. ಕೂಗು ಕಾಲದ ಮಾನವೋ ಶಬ್ದದ ಮಾನವೋ ಎಂಬುದು ಇತ್ಯರ್ಥವಾಗಿಲ್ಲ. ಅಳೆಯುವವರು ಫೋನಿನಲ್ಲಿ ಮಾತಿಗೆ ನಿಂತರೆ ಮೂರು ಕೂಗು ಐದಾಗಿರುವುದೂ ಉಂಟು.

ಸೂತ್ರ 5. ಕೊನೆಯಲ್ಲಿ ಸೊಪ್ಪು, ಉಪ್ಪು.

ವ್ಯಾಖ್ಯಾನ: ಕಾಳು ಬಹುಪಾಲು ಬೆಂದ ಮೇಲೆ ಎಪಸೋತೆ ಸೊಪ್ಪಿನ ಎರಡು ಕಡ್ಡಿ ಹಾಕಿ ಇನ್ನೊಂದು ಹದಿನೈದು ನಿಮಿಷ ಕುದಿಸಬೇಕು. ಇದರ ಘಾಟು ಮೂಗಿಗೆ ಮೊದಲ ಸಲ ಸೀಮೆಎಣ್ಣೆಯ ನೆನಪು ತರುತ್ತದೆ. ರೂಢಿಯಾದವರಿಗೆ ಇದಿಲ್ಲದ ಕಪ್ಪು ಬೀನ್ಸ್ ಸಪ್ಪೆ. ವಹಾಕಾದವರು ಇದರ ಬದಲು ಬೆಣ್ಣೆಹಣ್ಣಿನ ಮರದ ಎಲೆಯನ್ನು ಹೆಂಚಿನ ಮೇಲೆ ಬಾಡಿಸಿ ಹಾಕುತ್ತಾರೆ. ಅಲ್ಲಿಯ ತಳಿಯ ಎಲೆಗೆ ಸೋಂಪಿನ ಪರಿಮಳವಿದೆ. ಎಪಸೋತೆ ಭಾರತದಲ್ಲೂ ಕಳೆಗಿಡವಾಗಿ ನೆಲೆಸಿದೆ. ಗುರುತು ಹಿಡಿಯಲಾರದವರು ಕೊತ್ತಂಬರಿ ಸೊಪ್ಪು ಹಾಕಿ ಸುಮ್ಮನಿರುವುದು ಲೇಸು. ಕಾಳೊಂದನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿದಾಗ ಪ್ರತಿಭಟನೆಯಿಲ್ಲದೆ ಕರಗಿದರೆ ಬೆಂದಿದೆ. ನಡುವೆ ಹಿಟ್ಟುಹಿಟ್ಟಾದರೆ ಬೆಂದಿಲ್ಲ. ಒಂದೇ ಕಾಳನ್ನು ನೋಡಿ ತೀರ್ಪು ಕೊಡಬಾರದು. ಐದಾರು ಸಾಕ್ಷಿಗಳನ್ನಾದರೂ ಕರೆಸಬೇಕು.

ಪ್ರಕರಣ 5: ವಾಯುಪ್ರಕರಣ

ಬೀನ್ಸಿನಲ್ಲಿ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣಕರುಳಿನಲ್ಲಿಲ್ಲ. ಇವು ಇಡಿಯಾಗಿ ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಹಬ್ಬ ಮಾಡುತ್ತವೆ. ಹಬ್ಬಕ್ಕೆ ವಾದ್ಯವೂ ಇರುತ್ತದೆ. ಎಪಸೋತೆ ಈ ವಾದ್ಯವನ್ನು ಅಡಗಿಸುತ್ತದೆಂಬ ನಂಬಿಕೆ ಮೆಕ್ಸಿಕೋದಲ್ಲಿ ಗಟ್ಟಿಯಾಗಿದೆ. ಕನ್ನಡ ನಾಡಿನಲ್ಲಿ ಆ ಹುದ್ದೆ ಇಂಗಿನದು. ಎಪಸೋತೆಯ ಎಣ್ಣೆಯಲ್ಲಿರುವ ಆಸ್ಕರಿಡೋಲ್ ಎಂಬ ದ್ರವ್ಯವನ್ನು ಹಿಂದೆ ಜಂತುಹುಳುವಿಗೆ ಔಷಧಿಯಾಗಿ ಕೊಡುತ್ತಿದ್ದರು. ಅದು ಹೆಚ್ಚಾದರೆ ವಿಷ. ಆದ್ದರಿಂದ ಸೊಪ್ಪು ಎರಡೇ ಕಡ್ಡಿ. ದಿನವೂ ಬೀನ್ಸ್ ತಿನ್ನುವವರ ಹೊಟ್ಟೆ ಕ್ರಮೇಣ ಹೊಂದಿಕೊಳ್ಳುತ್ತದೆ. ಅಲ್ಲಿಯವರೆಗೆ ಹೊಂದಿಕೊಳ್ಳಬೇಕಾದವರು ಮನೆಯವರು.

ಪ್ರಕರಣ 6: ದರ್ಶನಭೇದ

ಬೆಂದ ಕಾಳನ್ನು ಬಡಿಸುವ ವಿಷಯದಲ್ಲಿ ಮೂರು ದರ್ಶನಗಳಿವೆ.

ಮೊದಲನೆಯದು ಫ್ರಿಹೋಲೆಸ್ ದೆ ಲಾ ಓಯಾ, ಅಂದರೆ ಗಡಿಗೆಯ ಬೀನ್ಸ್. ರಸದ ಸಮೇತ ಬಟ್ಟಲಿಗೆ ಬಡಿಸಿ, ಮೇಲೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಪುಡಿ ಮಾಡಿದ ಹಸಿ ಚೀಸ್ ಉದುರಿಸುತ್ತಾರೆ. ಇದು ದ್ವೈತ. ಕಾಳಿಗೂ ರಸಕ್ಕೂ ಭೇದ, ಕಾಳಿಗೂ ಕಾಳಿಗೂ ಭೇದ. ಕೆಲವು ಹೆಚ್ಚು ಬೆಂದು ಕೆಲವು ಕಡಿಮೆ ಬೆಂದಿರುವುದರಿಂದ ತಾರತಮ್ಯವೂ ಸಿದ್ಧ.

ಎರಡನೆಯದು ಯುಕತಾನಿನ ಫ್ರಿಹೋಲೆಸ್ ಕೊಲಾದೋಸ್. ಬೆಂದ ಕಾಳನ್ನು ರಸದೊಂದಿಗೆ ರುಬ್ಬಿ, ಜರಡಿಯಲ್ಲಿ ಸೋಸಿ, ಕೊಬ್ಬು ಕಾಯಿಸಿದ ಬಾಣಲೆಗೆ ಸುರಿದು, ಇಡಿ ಹಬನೇರೋ ಮೆಣಸಿನಕಾಯಿಯನ್ನು ಒಡೆಯದಂತೆ ತೇಲಿಬಿಟ್ಟು ಗಟ್ಟಿಯಾಗಿಸುತ್ತಾರೆ. ಇದು ಅದ್ವೈತ. ಸಿಪ್ಪೆಯೆಂಬ ಉಪಾಧಿ ಜರಡಿಯಲ್ಲಿ ಉಳಿದ ಮೇಲೆ ಕಾಳುಗಳ ನಾನಾತ್ವ ಅಡಗಿ, ಇರುವುದು ಒಂದೇ ಕಪ್ಪು. ಮೆಣಸಿನಕಾಯಿ ಒಡೆದರೆ ಮಾತ್ರ ಜಗತ್ತು ಮಿಥ್ಯೆಯಲ್ಲವೆಂದು ಕೂಡಲೇ ಗೊತ್ತಾಗುತ್ತದೆ.

ಮೂರನೆಯದು ಫ್ರಿಹೋಲೆಸ್ ರೆಫ್ರಿತೋಸ್. ಎರಡು ಮೂರು ದೊಡ್ಡ ಚಮಚ ಕೊಬ್ಬಿನಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ ಕೆಂಪಗಾಗುವವರೆಗೆ ಹುರಿದು, ಕಾಳನ್ನು ರಸದ ಸಮೇತ ಒಂದೊಂದು ಸೌಟು ಹಾಕುತ್ತ, ಮರದ ಕಡಗೋಲಿನಿಂದ ಮಸೆಯುತ್ತ, ಬಾಣಲೆಯ ತಳ ಬಿಡುವವರೆಗೆ ಬಾಡಿಸಬೇಕು. ಕೆಲವು ಕಾಳು ಜಜ್ಜಿಹೋಗಿ, ಕೆಲವು ಇಡಿಯಾಗಿಯೇ ಉಳಿದು, ಎಲ್ಲವೂ ಒಂದೇ ಮುದ್ದೆಗೆ ಶರೀರವಾಗಿರುತ್ತವೆ. ಇದು ವಿಶಿಷ್ಟಾದ್ವೈತ, ಇಲ್ಲಿ ಜಿಡ್ಡಿಗೆ ಶರಣಾಗತಿಯೇ ಮೋಕ್ಷಸಾಧನ. ಕೊಬ್ಬಿನಲ್ಲಿ ಕೈಬಿಗಿ ಮಾಡಿದವರ ಮುದ್ದೆ ಒಣಗಿ ಬಿರುಕುಬಿಡುತ್ತದೆ.

ಡಬ್ಬಿ ತೆರೆದು ಬಿಸಿ ಮಾಡಿ ತಿನ್ನುವವರು ಚಾರ್ವಾಕರು. ಅವರಿಗೆ ಗಡಿಗೆಯೂ ಇಲ್ಲ, ಅಜ್ಜಿಯೂ ಇಲ್ಲ. ಆದರೆ ಊಟ ಎಲ್ಲರಿಗಿಂತ ಮುಂಚೆ.

ಪ್ರಕರಣ 7: ಅತಿಥಿಸೂತ್ರ

ಊಟದ ಹೊತ್ತಿಗೆ ಹೇಳದೆ ಕೇಳದೆ ನೆಂಟರು ಬಂದರೆ ಮೆಕ್ಸಿಕೋದವರು ‘ಬೀನ್ಸಿಗೆ ಇನ್ನಷ್ಟು ನೀರು ಹಾಕು’ ಎನ್ನುತ್ತಾರೆ. ದ್ವೈತಿಗಳಿಗೆ ಮಾತ್ರ ಇದು ಸಾಧ್ಯ. ಮುದ್ದೆಗೆ ನೀರು ಹಾಕಿದರೆ ಸಿದ್ಧಾಂತವೇ ಕೆಡುತ್ತದೆ. ಸಾರಿನ ವಿಷಯದಲ್ಲಿ ಕನ್ನಡದ ಗೃಹಿಣಿಯರು ಈ ಸೂತ್ರವನ್ನು ಯಾವ ಗ್ರಂಥದ ನೆರವೂ ಇಲ್ಲದೆ ಸ್ವತಂತ್ರವಾಗಿ ಕಂಡುಕೊಂಡಿದ್ದಾರೆ. ನೀರು ಹೆಚ್ಚಾದಾಗ ಉಪ್ಪನ್ನೂ ಹೆಚ್ಚಿಸಬೇಕೆಂಬುದು ಎರಡೂ ಕಡೆ ಒಪ್ಪಿದ ಮಾತು.

ಪ್ರಕರಣ 8: ಫಲಶ್ರುತಿ

100 ಗ್ರಾಂ ಒಣ ಕಾಳಿನಲ್ಲಿ ಸುಮಾರು 21 ಗ್ರಾಂ ಪ್ರೋಟೀನಿದೆ. ಮೆಕ್ಕೆಜೋಳದಲ್ಲಿ ಕೊರತೆಯಿರುವ ಲೈಸೀನ್ ಬೀನ್ಸಿನಲ್ಲಿ ಧಾರಾಳ. ಬೀನ್ಸಿನಲ್ಲಿ ಕಡಿಮೆಯಿರುವ ಮೆಥಿಯೋನೀನನ್ನು ಜೋಳ ತುಂಬಿಕೊಡುತ್ತದೆ. ಹೊಲದಲ್ಲಿ ಜೊತೆಗೆ ಬೆಳೆದವು ತಟ್ಟೆಯಲ್ಲೂ ಜೊತೆಗಿದ್ದರೆ ಮಾತ್ರ ಊಟ ಪೂರ್ಣವಾದ್ದರಿಂದ ಪಕ್ಕದಲ್ಲಿ ತೋರ್ತಿಯಾ ಎಂಬ ಮೆಕ್ಕೆಜೋಳದ ಬಿಸಿ ರೊಟ್ಟಿ ಇರಲೇಬೇಕು. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೋ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗಡಿಗೆ ಮೂರ್ತ, ಕಾಳು ಮೂರ್ತ, ಐದನೆಯ ಪ್ರಕರಣದ ಪರಿಣಾಮ ಮಾತ್ರ ಅಮೂರ್ತವೆಂದು ಕೆಲವರು ಆಕ್ಷೇಪಿಸಬಹುದು. ಅದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಈ ಶಾಸ್ತ್ರವನ್ನು ಪಾರಾಯಣ ಮಾಡಿದವರಿಗೆ ಯಾವ ಪುಣ್ಯವೂ ಬರುವುದಿಲ್ಲ. ಬೇಯಿಸಿದವರಿಗೆ ಊಟ ಸಿಗುತ್ತದೆ. ಮರುದಿನ ರಸ ಗಟ್ಟಿಯಾಗಿ ರುಚಿ ಏರುತ್ತದೆ. ಬಿಸಿ ಆರಿದೊಡನೆ ಫ್ರಿಜ್ಜಿನಲ್ಲಿ ಇಟ್ಟರೆ ಮೂರು ನಾಲ್ಕು ದಿನ ಕೆಡುವುದಿಲ್ಲ. ಅಷ್ಟರೊಳಗೆ ಮುಗಿಸತಕ್ಕದ್ದು.