ಬೆಲ್ಟಿಗೆ ನೌಕರಿ, ನನಗೆ ಸೋಫಾದಡಿ: ಒಂದು ಬಾಲ್‌ಸ್ಕ್ರೂವಿನ ಅಳಲು

ಪುಣೆಯ ಕೊಥ್ರುಡ್‌ನ ಎರಡನೇ ಮಹಡಿಯಲ್ಲಿ ಧಾರವಾಡ ಕಡೆಯ ಎಂಜಿನಿಯರೊಬ್ಬರು ಮನೆಯಲ್ಲೇ ಲೇಸರ್ ಕಟರ್ ಕಟ್ಟುತ್ತಿದ್ದಾರೆ. ಹಗಲು ಚಾಕಣದ ಕಾರ್ಖಾನೆ, ರಾತ್ರಿ ಬಾಲ್ಕನಿ. 40 ವಾಟಿನ ಕಾರ್ಬನ್ ಡೈಆಕ್ಸೈಡ್ ಟ್ಯೂಬು ಬಂದಾಯಿತು, ಕನ್ನಡಿಗಳು ಬಂದವು, ಮಸೂರವೂ ಬಂತು. ಆ ಮಸೂರ ಹೊತ್ತ ತಲೆಯನ್ನು ಹಲಗೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಓಡಿಸುವ ಹುದ್ದೆಗೆ ಮಾತ್ರ ಇಡೀ ಮಳೆಗಾಲ ನೇಮಕಾತಿ ನಡೆಯಿತು. ಕೊನೆಗೆ ಕೆಲಸ ಸಿಕ್ಕಿದ್ದು ಆರು ಮಿಲಿಮೀಟರ್ ಅಗಲದ ಒಂದು ರಬ್ಬರ್ ಬೆಲ್ಟಿಗೆ. ಅನುಭವ, ಉಕ್ಕು, ಗತ್ತು ಎಲ್ಲ ಇದ್ದೂ ತಿರಸ್ಕೃತರಾದವರು ಶ್ರೀಯುತ ಬಾಲ್‌ಸ್ಕ್ರೂ 1605. ಸದ್ಯ ವಾಸ ಸೋಫಾದ ಕೆಳಗೆ. ಮಧ್ಯಾಹ್ನ ಒಂದರಿಂದ ನಾಲ್ಕು, ಅಂದರೆ ಪುಣೆಯಲ್ಲಿ ಅಂಗಡಿಗಳೂ ಕಾಕಾಗಳೂ ನಿದ್ದೆಯಲ್ಲಿರುವ ಪವಿತ್ರ ವೇಳೆಯಲ್ಲಿ, ನೆಲಕ್ಕೆ ಬೋರಲು ಮಲಗಿ ಅವರನ್ನು ಪಿಸುದನಿಯಲ್ಲಿ ಮಾತಾಡಿಸಿದೆ.

ನಾನು: ನಮಸ್ಕಾರ. ನಿಮ್ಮ ಪರಿಚಯ?

ಬಾಲ್‌ಸ್ಕ್ರೂ: ಹದಿನಾರು ನನ್ನ ವ್ಯಾಸ, ಐದು ನನ್ನ ನಡಿಗೆ. ನಾನು ಒಂದು ಸುತ್ತು ತಿರುಗಿದರೆ ನಟ್ಟು ಐದು ಮಿಲಿಮೀಟರ್ ಮುಂದೆ. ಉದ್ದ ಒಂದು ಮೀಟರು, ತೂಕ ಹತ್ತಿರ ಹತ್ತಿರ ಒಂದೂವರೆ ಕಿಲೋ. ಸೇವೆ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ. ಯಂತ್ರ ಗುಜರಿಗೆ ಹೋಯಿತು, ನಾನು ಜೂನಾ ಬಜಾರಿಗೆ ಬಂದೆ. ಬುಧವಾರ, ಭಾನುವಾರ ನೆರೆಯುವ ಸಂತೆ ಅದು. ನನ್ನ ಎಡಕ್ಕೆ ಕಿವುಡು ರೇಡಿಯೊ, ಬಲಕ್ಕೆ ಒಂಟಿ ಬೂಟು. ಯಜಮಾನರು ಬಂದು ನನ್ನನ್ನು ನೋಡಿದ ಆ ನೋಟ ಇದೆಯಲ್ಲ, ಹೆಣ್ಣು ನೋಡಲು ಹೋದವರು ಸಹ ಹಾಗೆ ನೋಡಿರಲಿಕ್ಕಿಲ್ಲ. ತೂಕಕ್ಕೆ ಹಾಕಿಸಿ ಕೊಂಡರು ಅನ್ನುವುದನ್ನು ಮಾತ್ರ ಬರೆಯಬೇಡಿ.

ನಾನು: ಅಷ್ಟು ಮೆಚ್ಚಿ ತಂದವರು ಆಮೇಲೆ ಯಾಕೆ ಕೈಬಿಟ್ಟರು?

ಬಾಲ್‌ಸ್ಕ್ರೂ: ತಂದದ್ದು ಸರಿಯಾಗಿಯೇ ಇತ್ತು. ಹಗಲೆಲ್ಲ ಉಕ್ಕು ಕೊರೆಯುವ ಯಂತ್ರಗಳ ನಡುವೆ ಬದುಕುವವರು ಅವರು. ಉಕ್ಕು ಕೊರೆಯುವಾಗ ಟೂಲಿಗೆ ಎದುರಿನಿಂದ ಒದೆತ ಬೀಳುತ್ತದೆ. ಎದೆಗೊಟ್ಟು ನಿಲ್ಲಲು ನನ್ನಂಥವನು ಬೇಕು. ನೂರಾರು ಕಿಲೋ ತಳ್ಳಬಲ್ಲೆ, ಅದೂ ಪ್ಲೇ, ಅಂದರೆ ಸಡಿಲ ಅಲುಗಾಟ, ಹೆಚ್ಚುಕಡಿಮೆ ಇಲ್ಲದೆ. ಹಾಗಾಗಿ ಯಂತ್ರ ಅಂದರೆ ಸ್ಕ್ರೂ, ಉಳಿದದ್ದೆಲ್ಲ ಆಟಿಕೆ ಅಂತ ಈ ಊರಿನ ಅರ್ಧ ಜನರ ತಲೆಯಲ್ಲಿ ಕೂತಿದೆ. ಕೂತಿರಲಿ ಬಿಡಿ, ಒಳ್ಳೆಯದೇ.

ನಾನು: ಲೇಸರಿನಲ್ಲಿ ಎದುರಿನಿಂದ ಒದೆಯುವವರು ಯಾರು?

ಬಾಲ್‌ಸ್ಕ್ರೂ: (ಗಂಟಲು ಸರಿಮಾಡಿಕೊಂಡು) ಯಾರೂ ಇಲ್ಲ.

ನಾನು: ಯಾರೂ?

ಬಾಲ್‌ಸ್ಕ್ರೂ: ಬೆಳಕು ಸ್ವಾಮಿ ಅದು. ಹಲಗೆಯನ್ನು ಮುಟ್ಟುವುದೇ ಇಲ್ಲ, ಮೇಲಿನಿಂದಲೇ ಸುಟ್ಟು ದಾರಿ ಮಾಡಿಕೊಳ್ಳುತ್ತದೆ. ಮುಂದೆ ಇರುವುದು ಹೊಗೆ ಮಾತ್ರ. ಹೊಗೆಯನ್ನು ತಳ್ಳಲು ಉಕ್ಕು ಬೇಕೇ ಎಂದು ನೀವು ಕೇಳುತ್ತೀರಿ, ಗೊತ್ತು. ಯಜಮಾನರೂ ಅದನ್ನೇ ಕೇಳಿಕೊಂಡರು, ಒಂದು ರಾತ್ರಿ ಹನ್ನೊಂದೂವರೆಗೆ. ಹಾಗಂತ ಆ ಬೆಳಕಿನ ಮೇಲೆ ನನಗೆ ಸಿಟ್ಟಿಲ್ಲ. ಅದು ನಮ್ಮ ಜಿಲ್ಲೆಯ ಹುಡುಗನ ಸೃಷ್ಟಿ. ಬಾರಾಮತಿಯಲ್ಲಿ 1938ರಲ್ಲಿ ಹುಟ್ಟಿ, ಇದೇ ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ ಕುಮಾರ್ ಪಟೇಲ್ 1964ರಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿ ತೋರಿಸಿದರು. ಬಾರಾಮತಿ ಅಂದ ಕೂಡಲೇ ಜನ ಚುನಾವಣೆ ನೆನೆಯುತ್ತಾರೆ. ಏನು ಮಾಡುವುದು, ಈ ಬೆಳಕು ಕಣ್ಣಿಗೆ ಕಾಣುವುದಿಲ್ಲವಲ್ಲ. 10.6 ಮೈಕ್ರಾನ್. ಕಾಣುವುದಿಲ್ಲ ಅಂತ ಕನ್ನಡಕ ಹಾಕದೆ ಹತ್ತಿರ ಹೋದರೆ ಕಣ್ಣೇ ಹೋಗುತ್ತದೆ, ಅದು ಬೇರೆ ಮಾತು.

ನಾನು: ಅಂತೂ ನಿಮ್ಮ ದೂರು ಬೆಲ್ಟಿನ ಮೇಲೆ.

ಬಾಲ್‌ಸ್ಕ್ರೂ: ದೂರು ಪರೀಕ್ಷೆಯ ಮೇಲೆ. ಅದು ಬೆಲ್ಟಿಗಾಗಿಯೇ ಬರೆದ ಪ್ರಶ್ನೆಪತ್ರಿಕೆ. ಹಲಗೆಯ ಮೇಲೆ ಚಿತ್ರ ಕೆತ್ತುವಾಗ ತಲೆ ಗೆರೆಯ ಪಕ್ಕ ಗೆರೆ ಎಳೆಯುತ್ತ ಓಡಾಡುತ್ತದೆ. ಸೆಕೆಂಡಿಗೆ 300 ಮಿಲಿಮೀಟರ್ ಓಡಬೇಕು, ತುದಿ ಮುಟ್ಟಿದ್ದೇ ಗಕ್ಕನೆ ಹೊರಳಬೇಕು ಎಂದರು. ನನ್ನ ಐದು ಮಿಲಿಮೀಟರ್ ನಡಿಗೆಗೆ ಲೆಕ್ಕ ಹಾಕಿ: ನಿಮಿಷಕ್ಕೆ 3,600 ಸುತ್ತು. ನನ್ನನ್ನು ತಿರುಗಿಸುವ ಬಡಪಾಯಿ ಸ್ಟೆಪ್ಪರ್ ಮೋಟಾರು ಸಾವಿರ ದಾಟುವ ಹೊತ್ತಿಗೇ ಬಲ ಕಳೆದುಕೊಂಡಿರುತ್ತದೆ. ನಾನಾದರೂ ಮೀಟರುದ್ದದವನು. ಎರಡು ಸಾವಿರದ ಆಸುಪಾಸಿನಲ್ಲಿ ನನ್ನ ನಡು ಬಾಗಿ ಬಡಿದಾಡತೊಡಗುತ್ತದೆ. ಇದನ್ನು ಪರೀಕ್ಷೆ ಅನ್ನುತ್ತಾರೋ ರ‍್ಯಾಗಿಂಗ್ ಅನ್ನುತ್ತಾರೋ?

ನಾನು: ಬೆಲ್ಟು ಹೇಗೆ ಪಾಸಾಯಿತು?

ಬೆಲ್ಟು: (ಬಾಲ್ಕನಿಯಿಂದ) ನಾನು ಹೇಳ್ತೀನಿ ಸಾರ್. ಪುಲ್ಲಿಗೆ ಇಪ್ಪತ್ತು ಹಲ್ಲು, ಹಲ್ಲಿಂದ ಹಲ್ಲಿಗೆ ಎರಡು ಮಿಲಿಮೀಟರ್. ಒಂದು ಸುತ್ತಿಗೆ 40. ಅದೇ ವೇಗಕ್ಕೆ ನನಗೆ ನಿಮಿಷಕ್ಕೆ 450 ಸುತ್ತು ಸಾಕು. ಮೋಟಾರಿಗೆ ಬೆವರೂ ಬರಲ್ಲ.

ಬಾಲ್‌ಸ್ಕ್ರೂ: ಯಾರು ಇವನನ್ನು ಮಧ್ಯೆ ಕರೆದದ್ದು? 1940ರ ದಶಕದಲ್ಲಿ ಹೊಲಿಗೆ ಯಂತ್ರಕ್ಕೆಂದು ಹುಟ್ಟಿದ ವಂಶ! ರಬ್ಬರು ಸ್ವಾಮಿ, ಇಂದು ಬಿಗಿದರೆ ನಾಳೆ ಹಿಗ್ಗುತ್ತದೆ. ನಿಖರತೆ ಅನ್ನುವುದೊಂದು ಬೇಡವೇ?

ನಾನು: ಒಳಗೆ ಗಾಜಿನ ನಾರು ಇದೆಯಂತೆ, ಅಷ್ಟು ಸುಲಭಕ್ಕೆ ಹಿಗ್ಗುವುದಿಲ್ಲ. ಮತ್ತೆ ಲೇಸರ್ ಸುಡುವ ಗೆರೆಯೇ 0.1ರಿಂದ 0.2 ಮಿಲಿಮೀಟರ್ ಅಗಲ. ನೀವು ಮೈಕ್ರಾನ್ ಲೆಕ್ಕದಲ್ಲಿ ತಂದು ನಿಲ್ಲಿಸಿದರೂ ಬೆಳಕು ಅಷ್ಟು ಅಗಲ ತಿಂದೇ ತಿನ್ನುತ್ತದೆ. ತಪ್ಪು ತಿಳಿಯಬೇಡಿ, ನೀವು ಸಿ7 ದರ್ಜೆ. 300 ಮಿಲಿಮೀಟರಿಗೆ 0.05ರಷ್ಟು ಅತ್ತಿತ್ತ ಆಗಬಹುದು ಅಂತ ನಿಮ್ಮ ದರ್ಜೆಯೇ ಒಪ್ಪುತ್ತದೆ.

ಬಾಲ್‌ಸ್ಕ್ರೂ: ಸಿ7 ಅಂತ ಯಾರು ಹೇಳಿದರು ನಿಮಗೆ? (ತಗ್ಗಿದ ದನಿಯಲ್ಲಿ) ಸೋಫಾದ ಮೇಲೆ ಯಾರಾದರೂ ಕೂತಿದ್ದಾರಾ?

ನಾನು: ಇಲ್ಲ. ನಿಮ್ಮಿಬ್ಬರನ್ನು ಬಿಟ್ಟು ಬೇರೆ ಅಭ್ಯರ್ಥಿಗಳಿರಲಿಲ್ಲವೇ?

ಬಾಲ್‌ಸ್ಕ್ರೂ: ಇದ್ದರು. ರ‍್ಯಾಕು-ಪಿನಿಯನ್ ಬಂದಿದ್ದ, ದೊಡ್ಡ ಮೇಜಿದ್ದರೆ ಕರೆಯಿರಿ ಎಂದು ಹೇಳಿ ಹೋದ. ಆಮೇಲೆ ಕೋರ್‌ಎಕ್ಸ್‌ವೈ ಎನ್ನುವ ಸಮ್ಮಿಶ್ರ ಸರ್ಕಾರದ ಮೇಲೆ ಯಜಮಾನರಿಗೆ ಮೋಹ ಹತ್ತಿತು. ಎರಡು ಮೋಟಾರು, ಎರಡೂ ಮೂಲೆಯಲ್ಲಿ ಕುರ್ಚಿ ಬಿಡದೆ ಕೂತಿರುತ್ತವೆ. ಎರಡೂ ಒಂದೇ ಕಡೆ ತಿರುಗಿದರೆ ತಲೆ ಒಂದು ದಿಕ್ಕಿಗೆ, ವಿರುದ್ಧ ತಿರುಗಿದರೆ ಇನ್ನೊಂದು ದಿಕ್ಕಿಗೆ. ಒಬ್ಬ ತಿರುಗಿ ಇನ್ನೊಬ್ಬ ಮುನಿಸಿಕೊಂಡನೋ, ತಲೆ ಓರೆಗೆ, ಮೂಲೆಯಿಂದ ಮೂಲೆಯ ದಾರಿಗೆ. ಮುಂಬೈ, ಬೆಂಗಳೂರು ಎರಡೂ ಕಡೆ ನೋಡಿದ್ದೇವಲ್ಲ. ಒಂದು ಮೋಟಾರನ್ನು ಗ್ಯಾಂಟ್ರಿಯ, ಅಂದರೆ ತಲೆ ಹೊತ್ತ ಅಡ್ಡ ತೊಲೆಯ ಮೇಲೆ ಹೊತ್ತು ತಿರುಗುವ ಭಾರ ತಪ್ಪುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಬೆಲ್ಟು ಎಷ್ಟು ಉದ್ದ, ಎಷ್ಟು ಪುಲ್ಲಿ ಸುತ್ತಿ ಬರಬೇಕು! ಎರಡರ ಬಿಗಿ ಸಮ ಇಲ್ಲದಿದ್ದರೆ ಚೌಕ ಕತ್ತರಿಸಲು ಹೋಗಿ ಗಾಳಿಪಟದ ಆಕಾರ ಬರುತ್ತದೆ. ಯಜಮಾನರು ಕಾಗದದ ಮೇಲೆ ಬರೆದು ಬರೆದು ಅಳಿಸಿದರು. ಕೊನೆಗೆ ಅಡ್ಡಕ್ಕೆ ಒಂದು ಬೆಲ್ಟು, ಉದ್ದಕ್ಕೆ ಎರಡು ಬದಿಗೂ ಒಂದೊಂದು, ಅವೆರಡನ್ನೂ ಒಂದೇ ದಂಡದಿಂದ ತಿರುಗಿಸುವ ಒಂದು ಮೋಟಾರು ಎಂದು ನಿರ್ಧಾರವಾಯಿತು. ನನ್ನ ವಿರೋಧ ದಾಖಲಾಗಲಿ: ದುಡ್ಡು ಬೆಲ್ಟಿಗೂ ಅಲ್ಲ, ನನಗೂ ಅಲ್ಲ, ತಲೆ ಓಡುವ ಹಳಿಗೆ ಹಾಕಬೇಕಾದ್ದು.

ನಾನು: ನೀವೇ ಹೀಗೆ ಹೇಳುತ್ತೀರಾ?

ಬಾಲ್‌ಸ್ಕ್ರೂ: ನಿವೃತ್ತನಾದವನು ನಿಜ ಹೇಳಬಹುದು. ಟ್ಯೂಬು ಹಿಂದೆ ಕೂತಿದೆ. ಬೆಳಕು ಮೂರು ಕನ್ನಡಿಗೆ ಬಡಿದು ಮಸೂರಕ್ಕೆ ಬರುತ್ತದೆ. ಎರಡನೆಯ ಕನ್ನಡಿ ಗ್ಯಾಂಟ್ರಿಯ ಜೊತೆ, ಮೂರನೆಯದು ತಲೆಯ ಜೊತೆ ಓಡುತ್ತದೆ. ಹಳಿ ಕೂದಲೆಳೆಯಷ್ಟು ಸೊಟ್ಟ ಇದ್ದರೂ, ಗ್ಯಾಂಟ್ರಿ ಮೂಲೆಮಟ್ಟಕ್ಕೆ ಇಲ್ಲದಿದ್ದರೂ ಹತ್ತಿರದ ಮೂಲೆಯಲ್ಲಿ ಚೆನ್ನಾಗಿ ಕತ್ತರಿಸಿದ್ದು ದೂರದ ಮೂಲೆಯಲ್ಲಿ ಬರೀ ಕಪ್ಪು ಗೆರೆ. ಮೊನ್ನೆ ರಾತ್ರಿ ನೋಡಬೇಕಿತ್ತು. ಕನ್ನಡಿಯ ಮುಂದೆ ಮಾಸ್ಕಿಂಗ್ ಟೇಪಿನ ತುಂಡು ಅಂಟಿಸುವುದು, ಕ್ಷಣ ಮಾತ್ರ ಲೇಸರ್ ಬಿಡುವುದು, ಚುಕ್ಕೆ ಸುಟ್ಟಿತೇ ನೋಡುವುದು, ತಲೆಯನ್ನು ಇನ್ನೊಂದು ಮೂಲೆಗೆ ಒಯ್ದು ಮತ್ತೆ. ನಾಲ್ಕು ಮೂಲೆಯ ಚುಕ್ಕೆ ಒಂದರ ಮೇಲೊಂದು ಬೀಳಬೇಕು. ಅವರ ಟೇಪಿನ ಮೇಲೆ ಸಪ್ತರ್ಷಿ ಮಂಡಲ ಮೂಡಿತ್ತು. ಕಡೆಗೆ ಹಳಿಯ ಸ್ಕ್ರೂ ಒಂದೊಂದಾಗಿ ಸಡಿಲಿಸಿ ಕೂರಿಸಿದ ಮೇಲೆ ಚುಕ್ಕೆ ಒಂದಾಯಿತು. ಅದರಲ್ಲಿ ಬೆಲ್ಟಿನ ಪ್ರತಾಪ ಏನೂ ಇಲ್ಲ, ಬರೆದುಕೊಳ್ಳಿ.

ನಾನು: ಇಷ್ಟೆಲ್ಲ ಪಾಡು ಪಟ್ಟು ಮನೆಯಲ್ಲೇ ಯಾಕೆ ಕಟ್ಟಬೇಕು?

ಬಾಲ್‌ಸ್ಕ್ರೂ: ಗಣಪತಿಗೆ. ಮೊದಲು ಮಖರ, ಅಂದರೆ ಗಣಪತಿ ಕೂರಿಸುವ ಅಲಂಕಾರದ ಮಂಟಪ, ಥರ್ಮಾಕೋಲಿನದು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ನಿಷೇಧಿಸಿತು. ಈಗ ಎಂಡಿಎಫ್ ಹಲಗೆಯಲ್ಲಿ ಜಾಲಂಧ್ರ ಕತ್ತರಿಸಬೇಕು. ಯಜಮಾನರಿಗೆ ಹಂಪಿಯ ಕಲ್ಲಿನ ರಥವೇ ಬೇಕು, ಮೂರು ಮಿಲಿಮೀಟರ್ ದಪ್ಪದಲ್ಲಿ. ಎರಡನೆಯ ಕಾರಣ ಪಾಬಳ. ಶಿರೂರು ತಾಲೂಕಿನ ಆ ಹಳ್ಳಿಯಲ್ಲಿ ಡಾ. ಶ್ರೀನಾಥ ಕಲಬಾಗರು ಹಿಂದುಸ್ತಾನ್ ಲಿವರ್‌ನ ಸಂಶೋಧನೆಯ ಕೆಲಸ ಬಿಟ್ಟು ಬಂದು 1983ರಲ್ಲಿ ವಿಜ್ಞಾನ ಆಶ್ರಮ ಶುರು ಮಾಡಿದರು, ಶಾಲೆ ಬಿಟ್ಟ ಹುಡುಗರಿಗೆ ಕೈಕೆಲಸದಿಂದಲೇ ಪಾಠ. ಅಮೆರಿಕದ ಎಂಐಟಿಯವರ ಫ್ಯಾಬ್ ಲ್ಯಾಬ್, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರಗಳಲ್ಲಿ ಬೇಕಾದ್ದನ್ನು ಮಾಡಿಕೊಳ್ಳುವ ವರ್ಕ್‌ಶಾಪು, ಅವರ ಕ್ಯಾಂಪಸ್ಸಿನ ಹೊರಗೆ ಮೊದಲು ಕಾಲಿಟ್ಟ ಜಾಗಗಳಲ್ಲಿ ಅದು ಸೇರಿದೆ, 2002ರಲ್ಲಿ. ಎಂಐಟಿ ಅಂದರೆ ನಮ್ಮ ಪೌಡ್ ರಸ್ತೆಯದ್ದಲ್ಲ. ಇಲ್ಲಿ ಪ್ರತಿ ಸಲ ಬಿಡಿಸಿ ಹೇಳಬೇಕಾಗುತ್ತದೆ. ಹಳ್ಳಿಯ ಹುಡುಗರು ಮಾಡಬಹುದಾದರೆ ನಾನು ಯಾಕೆ ಮಾಡಬಾರದು ಎಂದು ನಮ್ಮವರಿಗೆ ಹಟ.

ನಾನು: ಮನೆಯವರ ಅಭಿಪ್ರಾಯ?

ಬಾಲ್‌ಸ್ಕ್ರೂ: ಆ ಪ್ರಸಂಗ ಕೇಳಬೇಡಿ. ಯಜಮಾನರು ಒರೆಸಲಿಕ್ಕೆಂದು ನನ್ನ ನಟ್ಟನ್ನು ತುದಿಯವರೆಗೆ ತಿರುಗಿಸಿ ತೆಗೆದೇಬಿಟ್ಟರು. ಹಾಗೆ ತೆಗೆಯಬಾರದು, ಒಳಗೆ ಗುಂಡುಗಳಿರುತ್ತವೆ, ಅದಕ್ಕೊಂದು ಕೊಳವೆ ಹಿಡಿದು ಅದರ ಮೇಲೆ ಜಾರಿಸಬೇಕು. ನನ್ನ ಮೂರು ಚಿಲ್ಲರೆ ಮಿಲಿಮೀಟರಿನ ಉಕ್ಕಿನ ಗುಂಡುಗಳು ಟಪಟಪನೆ ಉದುರಿ ಫ್ರಿಜ್ಜಿನ ಬುಡಕ್ಕೆ, ದೇವರ ಮನೆಗೆ, ಎಲ್ಲೆಲ್ಲಿಗೋ. ಗ್ರೀಸು ಬಳಿದುಕೊಂಡೇ ಹೋದವು. ಮರುದಿನ ಅಮ್ಮಾವ್ರು ಅಕ್ಕಿ ಆರಿಸುವಾಗ ಒಂದು ಸಿಕ್ಕಿತು. ‘ಏನ್ರೀ, ಇದನ್ನೂ ಕುಕ್ಕರಿಗೆ ಹಾಕ್ಲೇನು?’ ಎಂದರು. ಅಂದಿನಿಂದ ನಾನು ಸೋಫಾದಡಿ.

ನಾನು: ಹಲಗೆಯನ್ನು ಮೇಲೆ ಕೆಳಗೆ ಮಾಡುವ ಕೆಲಸವಾದರೂ ಖಾಲಿ ಇದೆಯಲ್ಲ? ಅಲ್ಲಿ ವೇಗ ಬೇಡ, ತಾಕತ್ತು ಬೇಕು.

ಬಾಲ್‌ಸ್ಕ್ರೂ: ಅರ್ಜಿ ಹಾಕಿದ್ದೆ. ಅಲ್ಲಿ ನನ್ನ ಗುಣವೇ ನನಗೆ ಮುಳುವಾಯಿತು. ಗುಂಡುಗಳ ಮೇಲೆ ಉರುಳುವವನು ನಾನು, ಉಜ್ಜಾಟವೇ ಇಲ್ಲ. ಮೋಟಾರಿನ ಕರೆಂಟು ಹೋದರೆ ಹಲಗೆಯ ಭಾರಕ್ಕೆ ನಾನೇ ತಿರುಗಿ ಸೊರ್ರನೆ ಕೆಳಗೆ. ಸಾಮಾನ್ಯ ಲೀಡ್‌ಸ್ಕ್ರೂ ಉಜ್ಜಾಡಿ ಉಜ್ಜಾಡಿ ತಿರುಗುತ್ತಾನೆ, ಅದರಲ್ಲೂ ಸಣ್ಣ ನಡಿಗೆಯವನಾದರೆ ಕರೆಂಟು ಹೋದರೂ ಅಲ್ಲಾಡದೆ ನಿಲ್ಲುತ್ತಾನೆ. ದಕ್ಷರಿಗಿಂತ ಅಂಟಿಕೊಂಡು ಕೂರುವವರಿಗೇ ಖಾಯಂ ಹುದ್ದೆ! ನೀವು ಸರ್ಕಾರಿ ಕಚೇರಿ ನೋಡಿಲ್ಲವೇ?

(ಅಷ್ಟರಲ್ಲಿ ಒಳಗಿನಿಂದ ಅಮ್ಮಾವ್ರ ದನಿ: ‘ಏನ್ರೀ, ಆ ಸಲಾಕಿ ನಮ್ಮ ಕಿಡಕಿ ಅಳತಿಗೆ ಬರ್ತದೇನು ನೋಡ್ರಿ. ಪರದೆ ಹಾಕ್ಲಿಕ್ಕೆ ಛಲೋ ಆಗ್ತದ.’)

ನಾನು: ನಿಮಗೆ ಕರೆ ಬಂದ ಹಾಗಿದೆ.

ಬಾಲ್‌ಸ್ಕ್ರೂ: ಕಿಟಕಿ ಯಾವ ದಿಕ್ಕಿಗೆ?

ನಾನು: ಪಡುವಣಕ್ಕೆ. ಮಳೆಗಾಲದಲ್ಲಿ ಗಾಳಿ ಜೋರು.

ಬಾಲ್‌ಸ್ಕ್ರೂ: ಹಾಗಾದರೆ ಎದುರಿನಿಂದ ಸ್ವಲ್ಪವಾದರೂ ಒದೆತ ಇರುತ್ತದೆ ಅನ್ನಿ. ಬ್ರಾಕೆಟ್ಟು ಗಟ್ಟಿಯದು ಹಾಕಲು ಹೇಳಿ. ಪ್ಲೇ ಇರಬಾರದು.